ಶನಿವಾರ ಹಿಲ್ಕಾ ಎಲ್ಲಿ ಉಳಿದುಕೊಂಡಳು ಎಂಬ ಪ್ರಶ್ನೆ

೧

ಮೊದಲು ನದಿಯಿಂದ ಶುರು ಮಾಡಿದ್ದೆ. "ಕರಗಿದ ಬೆಳ್ಳಿಯಂತೆ ಹರಿಯುವ ಔರಾ" ಎಂದು ಬರೆದು, ಓದಿ, ನಾಚಿಕೆಯಾಗಿ ಹೊಡೆದು ಹಾಕಿದೆ. ಔರಾ ನದಿ ಬೆಳ್ಳಿಯಲ್ಲ, ಕಂದು. ಹಾಲು ಸಾಲದ ಕಾಫಿಯ ಬಣ್ಣ. ತುರ್ಕು ಪಟ್ಟಣದವರಾದ ನಮಗೆ ಅದರಿಂದ ಏನೂ ಬೇಸರವಿಲ್ಲ. ಬೇಸರವಾಗುವುದು ಯಾರಾದರೂ ಅದನ್ನು ಬೆಳ್ಳಿ ಎಂದು ಕರೆದಾಗ.

ಆಮೇಲೆ ರೈಲಿನಿಂದ ಶುರು ಮಾಡಿದೆ. ಕಿಟಕಿ, ಹೊರಗೆ ಓಡುವ ಬರ್ಚ್ ಮರಗಳು, ಒಳಗೆ ಒಬ್ಬಂಟಿ ಹೆಂಗಸು. ಅದನ್ನೂ ಹರಿದೆ. ಆ ಹೆಂಗಸು ಎಷ್ಟೋ ಕಥೆಗಳಲ್ಲಿ ಅದೇ ಕಿಟಕಿಯ ಪಕ್ಕ ಕೂತಿದ್ದಾಳೆ. ಇಷ್ಟು ಹೊತ್ತಿಗೆ ಅವಳಿಗೆ ಬೆನ್ನುನೋವು ಬಂದಿರಬೇಕು.

ಬೇರೆ ದಾರಿಯಿಲ್ಲ, ಪ್ರಶ್ನೆಯನ್ನೇ ಮೇಜಿನ ಮೇಲಿಡುತ್ತೇನೆ. ಹಿಲ್ಕಾ ಶನಿವಾರ ತುರ್ಕುವಿಗೆ ಬರುತ್ತಾಳೆ. ಅವಳು ಎಲ್ಲಿ ಉಳಿದುಕೊಳ್ಳಬೇಕು?

(ಇಷ್ಟೇನಾ ಎಂದು ಪುಟ ಮಗುಚಬೇಡಿ. ಯುದ್ಧ, ಕೊಲೆ ಇರುವ ಕಥೆ ಬೇಕಿದ್ದರೆ ಇದೇ ಕಪಾಟಿನಲ್ಲಿ ಪಕ್ಕಕ್ಕೇ ಇವೆ.)

೨

ಹಿಲ್ಕಾಗೆ ಅರವತ್ತೆಂಟು. ಉತ್ತರದ ಕಾಯಾನಿ ಊರಿನವಳು, ವಿಧವೆ. ಸಿಟಿ ಬಸ್ಸು ಓಡಿಸಿ ನಿವೃತ್ತಳಾದವಳು. ಕೊನೆಯ ಸೀಟಿನಲ್ಲಿ ಕೂತ ಕುಡುಕನಿಗೂ ಕೇಳಿಸುವ ಗಂಟಲು ಅವಳದು. ಇಲ್ಪೊಗೆ ಎಪ್ಪತ್ತು. ತುರ್ಕುವಿನವನೇ. ಹಡಗು ಕಟ್ಟುವ ಯಾರ್ಡಿನಲ್ಲಿ ವೆಲ್ಡರ್ ಆಗಿದ್ದ. ಹೆಂಡತಿ ಬಹಳ ಹಿಂದೆಯೇ ವಿಚ್ಛೇದನ ಕೊಟ್ಟಳು, ಜಗಳವಿಲ್ಲದೆ. ಜಗಳವಾಡಲು ಇಲ್ಪೊ ಮಾತಾಡಬೇಕಿತ್ತಲ್ಲ.

ಇಬ್ಬರೂ ಸಿಕ್ಕಿದ್ದು ಕಳೆದ ಬೇಸಿಗೆ, ನಡುನಾಡಿನ ಒಂದು ಸರೋವರದ ದಡದ ನೃತ್ಯಮಂಟಪದಲ್ಲಿ. ಅಲ್ಲಿಯ ಕ್ರಮ ನಿಮಗೆ ಗೊತ್ತಿರಲಿ. ಗಂಡಸು ಬಂದು ಕೇಳುತ್ತಾನೆ, ಇಬ್ಬರೂ ಸತತ ಎರಡು ಹಾಡು ಕುಣಿಯುತ್ತಾರೆ, ಅವನು ಅವಳನ್ನು ಮರಳಿ ಅವಳ ಜಾಗಕ್ಕೆ ಬಿಟ್ಟು, ಥ್ಯಾಂಕ್ಸ್ ಹೇಳಿ ಹೋಗುತ್ತಾನೆ. ಇಲ್ಪೊ ಎರಡು ಹಾಡು ಕುಣಿದ, ಬಿಟ್ಟ, ಥ್ಯಾಂಕ್ಸ್ ಹೇಳಿದ. ಹೋಗಲಿಲ್ಲ. ಅಲ್ಲೇ ನಿಂತು ಮತ್ತೆ ಕೇಳಿದ. ನಮ್ಮ ಕಡೆ ಇದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟದ್ದಕ್ಕೆ ಸಮ.

ಅಂದಿನಿಂದ ಪ್ರತಿ ಭಾನುವಾರ ಫೋನು. ಹವಾಮಾನ, ಮಂಡಿನೋವು, ರಸ್ತೆಗೆ ಅಡ್ಡ ಬಂದ ಕಡವೆಗಳು.

೩

"ಶನಿವಾರ ಬರ್ತಾ ಇದ್ದೀನಿ," ಅಂದಳು ಹಿಲ್ಕಾ.

"ಹೌದಾ," ಅಂದ ಇಲ್ಪೊ.

"ಹೂಂ."

"ಮಳೆ ಇಲ್ವಂತೆ."

"ಒಳ್ಳೇದಾಯ್ತು."

(ಇಲ್ಲಿ ಒಂದು ಮೌನ ಬರುತ್ತದೆ. ನಾನು ಹಾಕಿದ್ದಲ್ಲ, ಅದು ಅವರದೇ.)

"ಮತ್ತೆ, ಉಳ್ಕೊಳ್ಳೋದು..." ಅಂದ ಇಲ್ಪೊ.

"ಅದು ನಾನು ನೋಡ್ಕೋತೀನಿ. ನಿನಗ್ಯಾಕೆ ತೊಂದ್ರೆ."

"ತೊಂದ್ರೆ ಏನಿಲ್ಲ."

"ಬೇಡ, ಬೇಡ."

"ಸರಿ ಹಾಗಾದ್ರೆ."

ಮುಗಿಯಿತು. ಇಬ್ಬರಲ್ಲಿ ಒಬ್ಬರು ಇನ್ನೊಂದೇ ಒಂದು ವಾಕ್ಯ ಹೇಳಿದ್ದರೆ ಈ ಕಥೆ ಬೇಕಿರಲಿಲ್ಲ. ಆದರೆ ಇನ್ನೊಬ್ಬರಿಗೆ ತೊಂದರೆ ಕೊಡಬಾರದೆಂಬುದು ನಮ್ಮ ದೇಶದ ನಿಜವಾದ ಧರ್ಮ. ಇಲ್ಲಿನವರು ನೀರಿನಲ್ಲಿ ಮುಳುಗುವಾಗಲೂ ದಡದವರ ನಿದ್ದೆ ಕೆಡದಂತೆ ಮುಳುಗುತ್ತಾರೆ. (ಅಂದ ಹಾಗೆ, ಇವರು "ನೀನು" ಎನ್ನುವುದನ್ನು ಸಲಿಗೆ ಎಂದು ತಿಳಿಯಬೇಡಿ. ಈ ಊರಲ್ಲಿ ಡಾಕ್ಟರಿಗೂ ನೀನು, ಪಾದ್ರಿಗೂ ನೀನು, ನನ್ನಂಥ ಲೇಖಕನಿಗಂತೂ ಕೇಳುವುದೇ ಬೇಡ.)

ಫೋನಿಟ್ಟ ಹಿಲ್ಕಾ ನನ್ನ ಕಡೆ ತಿರುಗಿದಳು.

"ಕೇಳಿಸ್ಕೊಂಡ್ಯಾ? 'ಸರಿ ಹಾಗಾದ್ರೆ' ಅಂತೆ. ಈ ಸಲ ಹೋಗ್ತೀನಿ. ಅವನಾಗೇ 'ಮನೆಗೆ ಬಾ' ಅನ್ನದಿದ್ರೆ ಎರಡನೇ ಸಲ ಹೋಗಲ್ಲ. ಬರ್ಕೋ ಇದನ್ನ. ಅತಿಥಿಯಾಗಿ ಓಡಾಡೋಕೆ ನಂಗೆ ವಯಸ್ಸಾಯ್ತು."

ಬರೆದುಕೊಂಡೆ. ಇಡೀ ಕಥೆ ಈಗ ಅದರ ಮೇಲೆ ನಿಂತಿದೆ.

೪

ಲೇಖಕನಾಗಿ ಅವಳಿಗೊಂದು ಕೋಣೆ ಹುಡುಕುವುದು ನನ್ನ ಕೆಲಸ. ಮಾರುಕಟ್ಟೆ ಚೌಕದ ಗಾಜಿನ ಹೋಟೆಲಿನಲ್ಲಿ ಹಾಕಿದೆ. ಮೇಲಿನ ಮಹಡಿಯಿಂದ ಕತೀಡ್ರಲ್ ಕಾಣುತ್ತದೆ, ವರ್ಣನೆಗೆ ಅನುಕೂಲ.

"ಕಿಟಕಿ ತೆಗೆಯಕ್ಕಾಗತ್ತಾ?" ಅಂದಳು ಹಿಲ್ಕಾ.

"ಇಲ್ಲ. ಆದರೆ ಏಸಿ..."

"ನಡಿ ಮುಂದೆ."

ಸನ್ಯಾಸಿನಿಯರು ನಡೆಸುವ ಅತಿಥಿಗೃಹವೊಂದಿದೆ ಎಂದೆ. ಶಾಂತ, ಶುಭ್ರ, ಬೆಳಗಿನ ತಿಂಡಿಗೆ ಮನೆಯದೇ ಬ್ರೆಡ್ಡು.

"ನಾನು ಬರ್ತಿರೋ ಕಾರಣಕ್ಕೂ ಅವರಿಗೂ ಆಗಿಬರಲ್ಲ ಕಣೋ. ಬಾಗಿಲಲ್ಲೇ ಗೊತ್ತಾಗ್ಬಿಡತ್ತೆ ಅವರಿಗೆ."

"ಹಾಗಾದರೆ ವಿದ್ಯಾರ್ಥಿ ಹಾಸ್ಟೆಲ್? ಬೇಸಿಗೆಯಲ್ಲಿ ಬಾಡಿಗೆಗೆ ಕೊಡುತ್ತಾರೆ. ನಾನು ಅಲ್ಲೇ ಇರುವುದು. ಲೈಬ್ರರಿ ಚೆನ್ನಾಗಿದೆ."

"ಲೈಬ್ರರಿ!" ಎಂದು ಅವಳು ನಕ್ಕ ರೀತಿಯನ್ನು ಇಲ್ಲಿ ಬರೆಯುವುದಿಲ್ಲ.

ಕೊನೆಗೆ ಅವಳೇ ಆರಿಸಿದ್ದು ನದಿಯಲ್ಲಿ ಕಟ್ಟಿ ನಿಲ್ಲಿಸಿದ ಹಳೆಯ ಹಡಗನ್ನು. ಈಗ ಅದೇ ಹೋಟೆಲು. ಕ್ಯಾಬಿನ್ ಎಂದರೆ ಮಂಚ, ಒಂದು ಗುಂಡು ಕಿಟಕಿ, ಕೈ ಚಾಚಿದರೆ ನಾಲ್ಕೂ ಗೋಡೆ.

"ಮಂಡಿ ನೋವಿದೆ ಅಂತೀಯ, ಏಣಿಯಂಥ ಮೆಟ್ಟಿಲು ಹತ್ತಬೇಕು," ಎಂದೆ.

"ಬಸ್ಸಿನ ಮೆಟ್ಟಿಲು ಹತ್ತಿದವಳು ನಾನು. ಅಲ್ಲದೆ ಹಡಗು ಅಂದ್ರೆ ಇಲ್ಪೊನ ಕೈಕೆಲಸ. ಆ ಗೋಡೆ ಅವನು ಬೆಸೆದಿದ್ದೇ ಇರಬಹುದು."

ಈ ಮಾತು ನಾನು ಹೇಳಿಸಿದ್ದಲ್ಲ. ನಾನಾಗಿದ್ದರೆ ಇಷ್ಟು ಸಿಹಿ ಹಾಕುತ್ತಿರಲಿಲ್ಲ.

೪ (ಮತ್ತೊಮ್ಮೆ, ಏಕೆಂದರೆ ಇದೇ ಹೊತ್ತಿಗೆ ಇಲ್ಲಿಯೂ ನಡೆದದ್ದು)

ಇತ್ತ ಇಲ್ಪೊ ಮಾರ್ತ್ತಿ ಬಡಾವಣೆಯ ತನ್ನ ಒಂದೇ ಕೋಣೆಯ ಮನೆಯಲ್ಲಿ ಕಾರ್ಪೆಟ್ಟು ಎತ್ತಿ ಅಂಗಳಕ್ಕೆ ಒಯ್ದು ಬಡಿದ. ಹೊಸ ಹಾಸು ಹಾಸಿದ. ಹೂದಾನಿ ಸಿಗದೆ ಅಳತೆಯ ಜಗ್ಗಿನಲ್ಲಿ ಲೈಲಾಕ್ ಹೂ ಇಟ್ಟ. ಇಷ್ಟೆಲ್ಲ ನೋಡಿ ನನಗೆ ಖುಷಿಯಾಯಿತು.

"ಕರೀತೀಯ ಅಂತಾಯ್ತು," ಎಂದೆ.

"ಮನೆ ಅವಳಿಗೆ," ಅಂದ ಇಲ್ಪೊ.

"ಮತ್ತೆ ನೀನು?"

"ಒಂದೇ ಮಂಚ ಇರೋದು. ಅವಳು ತಪ್ಪು ತಿಳ್ಕೋಬಾರ್ದಲ್ಲ. ನಾನು ಹೋಟೆಲಿಗೆ ಹೋಗ್ತೀನಿ."

"ಯಾವ ಹೋಟೆಲು?"

"ಆ ಹಡಗು. ಜೀವಮಾನ ಪೂರ್ತಿ ಹಡಗಿನ ಗೋಡೆ ಬೆಸೆದೆ. ಒಂದ್ಸಲಾನೂ ಅದರೊಳಗೆ ಮಲಗಿಲ್ಲ."

ನಾನು ಪೆನ್ನು ಕೆಳಗಿಟ್ಟೆ. ಓದುಗರೇ, ಇದು ನನ್ನ ಸಂಚಲ್ಲ. ಜೂನ್ ತಿಂಗಳು, ಊರು ಚಿಕ್ಕದು, ನದಿಯ ಮೇಲೆ ಮಲಗಲು ಇರುವುದು ಒಂದೇ ಹಡಗು.

"ಅವಳಿಗೆ ಈಗಲೇ ಫೋನು ಮಾಡಿ ಹೇಳಯ್ಯಾ."

"ಮುಂಚೆ ಹೇಳಿದ್ರೆ ಬೇಡ ಅಂತಾಳೆ. ಬಂದ್ಮೇಲೆ ಬೀಗದ ಕೈ ಕೊಡ್ತೀನಿ. ಆಗ ಬೇಡ ಅನ್ನೋಕಾಗಲ್ಲ." ತನ್ನ ಜಾಣತನಕ್ಕೆ ತಾನೇ ತಲೆದೂಗಿದ. "ಶನಿವಾರ ಸಂಜೆ ಆರಕ್ಕೆ ನಂದೇ ಸೌನಾ ಪಾಳಿ. ಅದೂ ಅವಳಿಗೇ."

ಇದರ ತೂಕ ನಿಮಗೆ ತಿಳಿಯಬೇಕು. ಕಟ್ಟಡಕ್ಕೆ ನೆಲಮಾಳಿಗೆಯಲ್ಲಿ ಒಂದೇ ಸೌನಾ, ಅಂದರೆ ಬಿಸಿಹಬೆಯ ಸ್ನಾನದ ಕೋಣೆ, ಮನೆಗೆ ವಾರಕ್ಕೊಂದು ಗಂಟೆ. ಶನಿವಾರದ ಆರು ಗಂಟೆಯ ಪಾಳಿ ಯಾರಾದರೂ ಸತ್ತರೆ ಮಾತ್ರ ಖಾಲಿಯಾಗುವಂಥದ್ದು. ಏಳರ ಪಾಳಿಯ ಸಿನಿಕ್ಕಾ, ಅದೇ ಮಹಡಿಯ ನೆರೆಯವಳು, ಇಲ್ಪೊ ಕೆಮ್ಮಿದಾಗಲೆಲ್ಲ ಆಸೆಯಿಂದ ಆರೋಗ್ಯ ವಿಚಾರಿಸುತ್ತಾಳೆ.

೬

(ಐದನ್ನು ಎಸೆದೆ. ಅದರಲ್ಲಿ ಕತೀಡ್ರಲ್ ಗಂಟೆ ಬಾರಿಸುತ್ತಿತ್ತು, ಎಲ್ಲರೂ ಯೋಚಿಸುತ್ತಿದ್ದರು.)

ಶನಿವಾರ ಮಧ್ಯಾಹ್ನ, ಹಡಗಿನ ಇಕ್ಕಟ್ಟು ಓಣಿ. ಎದುರುಬದುರು ಎರಡು ಬಾಗಿಲು. ಒಂದರಿಂದ ಹಿಲ್ಕಾ ಹೊರಗೆ ಬಂದಳು. ಇನ್ನೊಂದಕ್ಕೆ ಕೀಲಿ ತೂರಿಸುತ್ತ ಇಲ್ಪೊ ನಿಂತಿದ್ದ, ಕೈಯಲ್ಲಿ ಬ್ಯಾಗು.

"ನೀನಾ!" ಅಂದಳು ಹಿಲ್ಕಾ. ಮೇಲಿನ ಡೆಕ್ಕಿನಲ್ಲಿ ಬಿಯರ್ ಕುಡಿಯುತ್ತಿದ್ದವರೂ ಬಗ್ಗಿ ನೋಡಿದರು. "ಇಲ್ಲೇನು ಮಾಡ್ತಿದ್ದೀಯ?"

"ಮಲಗೋಕೆ ಬಂದೆ."

"ನಿಂಗೆ ಮನೆ ಇಲ್ವಾ?"

"ಇದೆ."

ಹಿಲ್ಕಾಳ ಮುಖ ಸಣ್ಣದಾಯಿತು. "ಓ. ನಾನು ಬಂದು ಬಾಗಿಲು ತಟ್ಟಿಬಿಟ್ರೆ ಅಂತ ಓಡಿಬಂದ್ಯಾ? ಹೇಳಿದ್ರೆ ನಾನು ಬರ್ತಾನೇ ಇರ್ಲಿಲ್ಲ ಮಾರಾಯ."

ಇಲ್ಪೊ ಬ್ಯಾಗು ಕೆಳಗಿಟ್ಟ. ಅವನು ಹೇಳಬೇಕಾದ ವಾಕ್ಯವನ್ನು ಅವನ ಬದಲು ನಾನೇ ಬರೆದುಬಿಡಲೇ ಎಂದು ತೋಚಿತು. ಬರೆದರೆ ಅದು ನನ್ನ ವಾಕ್ಯವಾಗುತ್ತದೆ, ಹಿಲ್ಕಾಗೆ ಬೇಕಿದ್ದದ್ದು ಅವನದು. ಕಾದೆ. ಡೆಕ್ಕಿನವರೂ ಕಾದರು.

"ಮನೆ ನಿಂಗೆ ಬಿಟ್ಟು ಬಂದೆ," ಅಂದ ಇಲ್ಪೊ ಕೊನೆಗೆ. ಜೇಬಿನಿಂದ ಬೀಗದ ಕೈ ತೆಗೆದು ಚಾಚಿದ. "ಹಾಸು ಹೊಸದು. ಆರಕ್ಕೆ ಸೌನಾ ಕಾದಿರತ್ತೆ. ನಿಂಗೆ."

"ನನ್ನೊಬ್ಬಳಿಗಾ?"

"ತೊಂದ್ರೆ ಆಗ್ಬಾರ್ದು ಅಂತ..."

ಹಿಲ್ಕಾ ಕೀಲಿಯನ್ನು ನೋಡಿದಳು, ತನ್ನ ಕ್ಯಾಬಿನ್ ನೋಡಿದಳು, ಅವನ ಕ್ಯಾಬಿನ್ ನೋಡಿದಳು. ಆಮೇಲೆ ನಕ್ಕಳು. ಗೋಡೆ ಹಿಡಿದುಕೊಂಡು, ಕಣ್ಣು ಒರೆಸಿಕೊಂಡು, ಉಸಿರು ಸಿಗದ ಹಾಗೆ.

"ಅಂದ್ರೆ ನಾವಿಬ್ರೂ ಈ ಡಬ್ಬದಲ್ಲಿ, ಅಲ್ಲಿ ಮನೆ ಖಾಲಿ, ಮಂಚ ಖಾಲಿ, ಸೌನಾ ಒಂದೇ ಸಮ ಕಾಯ್ತಾ ಇದೆ! ಒಬ್ಬಳೇ ಕೂತು ಬೆವರೋಕೆ ಅರ್ಧ ದೇಶ ದಾಟಿ ಬರ್ಬೇಕಿತ್ತಾ ನಾನು?"

"ಸೌನಾಕ್ಕೆ... ಬಾ," ಅಂದ ಇಲ್ಪೊ. ಸ್ವಲ್ಪ ತಡೆದು, ವೆಲ್ಡಿಂಗಿನ ಕಿಡಿ ಹಾರಿದ ಹಾಗೆ, "ಮನೆಗೆ ಬಾ," ಅಂದ. "ನಾನೂ ಬರ್ತೀನಿ."

ಡೆಕ್ಕಿನ ಮೇಲೆ ಯಾರೋ ಚಪ್ಪಾಳೆ ಹೊಡೆದರು. ಹೊಡೆಯಬಾರದಿತ್ತು. ಇಲ್ಪೊ ಕಿವಿಯವರೆಗೂ ಕೆಂಪಾದ.

೭

ನಮ್ಮೂರಿನ ಕಿತ್ತಳೆ ಬಣ್ಣದ ಪುಟ್ಟ ಫೆರಿಗೆ ಟಿಕೇಟಿಲ್ಲ. ಹತ್ತಿದರೆ ಉಸಿರು ಬಿಡುವಷ್ಟರಲ್ಲಿ ಆಚೆ ದಡ. ಇಬ್ಬರೂ ಹತ್ತಿದರು. ನಡುನದಿಯಲ್ಲಿ ನಾನು ಫೆರಿಯನ್ನು ನಿಲ್ಲಿಸಿದೆ. ಮುಕ್ತಾಯದ ಬಗ್ಗೆ ಮಾತಾಡಬೇಕಿತ್ತು.

"ಒಂದು ಮುಕ್ತಾಯ ಹೀಗಿದೆ," ಎಂದೆ. "ಫೆರಿ ಕೆಡುತ್ತದೆ, ಪಾಳಿ ತಪ್ಪುತ್ತದೆ. ನೀವಿಬ್ಬರೂ ನೀರು ನೋಡುತ್ತ, ಬದುಕು ಇಷ್ಟೇ ಎಂದು..."

"ಥೂ," ಅಂದಳು ಹಿಲ್ಕಾ. "ಶನಿವಾರದ ಪಾಳಿ ತಪ್ಪಿಸ್ತೀಯಾ? ಮನುಷ್ಯನಾ ನೀನು?"

"ಇನ್ನೊಂದು. ಹಿಲ್ಕಾ ಸೌನಾ ಮುಗಿಸಿ, ಗೌರವದಿಂದ ಹಡಗಿಗೆ ಮರಳುತ್ತಾಳೆ. ಭಾನುವಾರ ರೈಲು. ವಿಷಾದ ಇರತ್ತೆ. ವಿಮರ್ಶಕರಿಗೆ ಇಷ್ಟವಾಗತ್ತೆ."

"ವಿಮರ್ಶಕರನ್ನ ನಿನ್ನ ಹಾಸ್ಟೆಲಿಗೆ ಕರ್ಕೊಂಡು ಹೋಗು."

"ಹಾಗಾದರೆ ಮದುವೆ?"

"ಬೇಡ!" ಇಬ್ಬರೂ ಒಟ್ಟಿಗೆ ಕೂಗಿದರು. ಇಡೀ ಕಥೆಯಲ್ಲಿ ಅವರು ಒಟ್ಟಿಗೆ ಆಡಿದ ಮೊದಲ ಮಾತು.

ಆಗ ಕಂಡಿತು. ಹಿಲ್ಕಾಳ ಹೆಗಲಲ್ಲಿ ಅವಳ ಬ್ಯಾಗಿತ್ತು.

"ಹಡಗಿನ ಕೋಣೆ ಬಿಟ್ಟೆಯಾ?" ಎಂದೆ.

"ಟವೆಲು ಇದರಲ್ಲಿದೆ, ಅದಕ್ಕೆ," ಅಂದಳು. "ದೋಣಿ ಬಿಡು."

ಇಲ್ಪೊನ ಕೈಯಲ್ಲೂ ಬ್ಯಾಗಿತ್ತು. ಅವನನ್ನು ಕೇಳಲಿಲ್ಲ. ಫೆರಿ ಬಿಟ್ಟೆ.

೮

ನೆಲಮಾಳಿಗೆಯ ಬಾಗಿಲವರೆಗೂ ಹಿಂದೆ ಹೋದೆ. ಹಿಲ್ಕಾ ತಿರುಗಿ ನಿಂತಳು.

"ನೀನೆಲ್ಲಿಗೆ?"

"ನಾನು ಲೇಖಕ."

"ಬಟ್ಟೆ ಹಾಕ್ಕೊಂಡು ಯಾರೂ ಸೌನಾದೊಳಗೆ ಬರಲ್ಲ. ಬಿಚ್ಚೋಕೆ ಹೇಳೋಷ್ಟು ನಿನ್ನ ಪರಿಚಯ ನಂಗಿಲ್ಲ. ಹೊರಗೆ ಕೂತ್ಕೋ."

ಬಾಗಿಲು ಮುಚ್ಚಿತು. ಎರಡು ಬ್ಯಾಗುಗಳು ಹೊರಗೇ ಉಳಿದವು, ನಾನೂ ಉಳಿದೆ.

ಅಂಗಳದಲ್ಲಿ ಸೌನಾದ ಗಾಳಿಕಿಂಡಿಯ ಪಕ್ಕ ಒಂದು ಬೆಂಚಿದೆ. ಕೂತೆ. ಜೂನ್ ತಿಂಗಳ ಸೂರ್ಯ ಇಳಿಯುವ ಯಾವ ಆತುರವನ್ನೂ ತೋರಿಸುತ್ತಿರಲಿಲ್ಲ. ಒಳಗೆ ಬಕೆಟ್ಟಿನ ಸದ್ದು, ಇಲ್ಪೊನ ಗುರುಗುರು, ಹಿಲ್ಕಾಳ ನಗು. ಇಲ್ಪೊನ ಮಾತು ತುಂಡು ತುಂಡಾಗಿ ಕೇಳುತ್ತಿತ್ತು. ಆದರೆ ನಿಲ್ಲುತ್ತಿರಲಿಲ್ಲ. ಅಷ್ಟೊಂದು ಮಾತು ಅವನೊಳಗೆ ಎಲ್ಲಿತ್ತೋ, ಅವನನ್ನು ಸೃಷ್ಟಿಸಿದ ನನಗೇ ಗೊತ್ತಿರಲಿಲ್ಲ.

ಸಿನಿಕ್ಕಾ ಟವೆಲಿನ ನಿಲುವಂಗಿಯಲ್ಲಿ ಬಂದಳು. ಅವಳ ಪಾಳಿ ಶುರುವಾಗಿತ್ತು.

"ಇನ್ನೂ ಒಳಗೇ ಇದ್ದಾನಾ?" ಅಂದಳು. "ಇಷ್ಟು ವರ್ಷ ಒಂದು ನಿಮಿಷ ಮೀರಿದವನಲ್ಲ. ಬಿದ್ದಿದ್ದಾನಾ?" ದನಿಯಲ್ಲಿ ಕಳವಳವಿತ್ತು. ಹಳೆಯ ಆಸೆಯೂ ಇತ್ತು.

ಒಳಗಿನಿಂದ ಹಿಲ್ಕಾ ನಕ್ಕಳು.

ಸಿನಿಕ್ಕಾಳ ಹುಬ್ಬು ಮೇಲಕ್ಕೇರಿತು. "ಯಾರದು?"

"ಕಾಯಾನಿಯಿಂದ ಬಂದಿದ್ದಾಳೆ."

"ಎಲ್ಲಿ ಉಳ್ಕೊಂಡಿದ್ದಾಳೆ?"

"ಅದೇ ಕಥೆ," ಎಂದೆ.

ಅವಳು ಬಂದು ಬೆಂಚಿನ ತುದಿಯಲ್ಲಿ ಕೂತಳು. ಬಾಗಿಲು ತಟ್ಟಲಿಲ್ಲ. "ಇವತ್ತೊಂದಿನ ಹೋಗ್ಲಿ," ಅಂದಳು. "ಆದ್ರೆ ಮುಂದಿನ ವಾರ ಏಳು ಅಂದ್ರೆ ಏಳು."

ಗಾಳಿಕಿಂಡಿಯಿಂದ ಹಿಲ್ಕಾಳ ದನಿ ಬಂತು. ಕೊನೆಯ ಸೀಟಿಗೂ ತಲುಪುವ ದನಿ. ಪಿಸುಮಾತು ಎಂದೇ ಅವಳು ತಿಳಿದಿದ್ದಿರಬೇಕು.

"ಇಲ್ಪೊ, ಮುಂದಿನ ಶನಿವಾರಾನೂ ಆರಕ್ಕೇನಾ?"

"ಪ್ರತಿ ಶನಿವಾರ," ಅಂದ ಇಲ್ಪೊ.

ಆಮೇಲೆ ಅವಳು ಇನ್ನೇನೋ ಅಂದಳು. ನಾನೂ ಸಿನಿಕ್ಕಾನೂ ಒಟ್ಟಿಗೆ ಗಾಳಿಕಿಂಡಿಯ ಕಡೆ ಬಾಗಿದೆವು. ಅಷ್ಟರಲ್ಲಿ ಒಳಗೆ ಯಾರೋ ಕಾದ ಕಲ್ಲಿನ ಮೇಲೆ ನೀರು ಸುರಿದರು, ಚುಸ್ಸೆಂದು ಎದ್ದ ಹಬೆಯ ಸದ್ದಿನಲ್ಲಿ ಆ ಮಾತು ಮುಳುಗಿಹೋಯಿತು.