ಒಲೆಯ ಹಿಂದಿನ ಗೋಡೆ

ಹಿತ್ತಿಲ ಬಾಗಿಲಿಂದ ನುಗ್ಗಿದ ಬಿಸಿಲು ಗೋಡೆಗೆ ಕೂರಿಸಿದ ಸುಟ್ಟಮಣ್ಣಿನ ಬಿಲ್ಲೆಗಳ ಮೇಲೆ ಜಾರುತ್ತಿದೆ, ಒಂದು ಬಿಲ್ಲೆ, ಅದರ ಪಕ್ಕದ್ದು, ಅದರಾಚೆಯದು, ಹೊಳೆಯುವಾಗ ಮೆರುಗಿನೊಳಗಿನ ಸೀಳುಗಳೆಲ್ಲ ಕಾಣುತ್ತವೆ, ಕೂದಲೆಳೆಯಷ್ಟು ತೆಳ್ಳಗೆ, ಕಾಯಿಸಿಟ್ಟ ಹಾಲಿನ ಕೆನೆಯನ್ನು ಉಫ್ ಎಂದು ಊದಿದರೆ ಗೆರೆಗೆರೆಯಾಗುತ್ತದಲ್ಲ ಹಾಗೆ, ಬಣ್ಣವೂ ಹಾಲಿನದೇ, ಎಲ್ಲೋ ಒಂದು ತೊಟ್ಟು ವೀಳ್ಯದೆಲೆಯ ಹಸಿರು ಬಿದ್ದ ಹಾಲು — ಇನ್ನೊಂದು ಸಲ ಒರೆಸಲೇ, ಒರೆಸುತ್ತೇನೆ, ಜಟಕಾ ಬರಲು ಇನ್ನೂ ಹೊತ್ತಿದೆ, ದಾವಣಗೆರೆಯ ಕಡೆಯ ರೈಲು ಯಾವತ್ತು ಹೇಳಿದ ಹೊತ್ತಿಗೆ ಬಂದಿದೆ. ಜಗದಾಂಬ ಬರುತ್ತಾಳೆ. ಬಾಣಂತನಕ್ಕೆ ತವರಿಗೆ ಹೋದಾಗ ಈ ಮನೆಯ ಗೋಡೆಗಳು ಸೊಂಟದೆತ್ತರ ಮಾತ್ರ ಎದ್ದಿದ್ದವು, ಈಗ ಕೂಸನ್ನೆತ್ತಿಕೊಂಡು ನೇರ ಇಲ್ಲಿಗೇ ಬರುತ್ತಾಳೆ, ಜೊತೆಗೆ ಅವಳ ತಾಯಿ ಶಿವಕ್ಕನವರು, ಮನೆ ಮನಸ್ಸಿಗೆ ಬಂದರೆ ಮಗಳನ್ನೂ ಮೊಮ್ಮಗಳನ್ನೂ ಬಿಟ್ಟು ಹೋಗುತ್ತಾರಂತೆ, ಬರದಿದ್ದರೆ ಇಬ್ಬರನ್ನೂ ವಾಪಸು ಕರೆದುಕೊಂಡು ಹೋಗುತ್ತಾರಂತೆ, ಕೂಸಿನ ಎದಿ ಸೂಕ್ಷ್ಮ ಐತಿ, ಆ ಕಾಟನ್‌ಪೇಟೆ ವಠಾರದಂಥ ಮನಿಯಾದ್ರ ನಾ ಬಿಡಂಗಿಲ್ಲ ಎಂದು ತೊಟ್ಟಿಲಿಗೆ ಹಾಕಿದ ದಿನ ಎಲ್ಲರೆದುರೂ ಹೇಳಿದರು, ಹೇಳಲಿ, ಬಂದು ನೋಡಲಿ, ಇಡೀ ರಾಜಾಜಿನಗರದಲ್ಲಿ ಇಂಥ ಅಡುಗೆಮನೆ ಇನ್ನೊಂದಿದ್ದರೆ ತೋರಿಸಲಿ. ಕಾರ್ಖಾನೆಯಲ್ಲಿ ತಯಾರಾದ ಮಾಲನ್ನೆಲ್ಲ ಅಳೆದು ನೋಡಿ ಪಾಸು ಮಾಡುವವನು ನಾನು, ಈ ಬಸವಲಿಂಗಪ್ಪನ ಕಣ್ಣು ತಪ್ಪಿಸಿ ಒಂದು ಓರೆ ಬೋಲ್ಟೂ ಗೇಟು ದಾಟಿಲ್ಲ, ಅಂಥವನು ಕಟ್ಟಿಸಿದ ಗೋಡೆ ಇದು. ಬೂದಿ ಹಾಕಬಾರದು, ಗೀರು ಬೀಳುತ್ತದೆ, ಹುಣಸೆಹಣ್ಣು ತಿಕ್ಕಬಾರದು, ಹುಳಿ ಮೆರುಗನ್ನು ತಿನ್ನುತ್ತದೆ, ತೆಂಗಿನ ನಾರನ್ನಂತೂ ಹತ್ತಿರ ತರಬಾರದು, ಅಂಟುವಾಳದ ನೊರೆಯಲ್ಲಿ ಅದ್ದಿದ ಹಳೆಯ ಪಂಚೆಯ ತುಂಡು ಸಾಕು, ಆಮೇಲೆ ಒಣಬಟ್ಟೆ, ಆಮೇಲೆ ಜೇನುಮೇಣ — ಟರ್ಪೆಂಟೈನಿನಲ್ಲಿ ಕರಗಿಸಿ, ಬೆರಳಿಗೆ ಬಟ್ಟೆ ಸುತ್ತಿ, ಸುತ್ತು ಸುತ್ತಾಗಿ ಉಜ್ಜಬೇಕು, ಸೀಳುಗಳ ಬಾಯೆಲ್ಲ ಮುಚ್ಚಿಕೊಳ್ಳುವ ತನಕ, ಇಲ್ಲದಿದ್ದರೆ ಅರಿಶಿನ ಒಳಗಿಳಿದು ಕೂತುಬಿಡುತ್ತದೆ, ಪರೀಕ್ಷೆ ಮಾಡಿಯೇ ನೋಡಿದ್ದೇನೆ, ಮೇಣ ಹಚ್ಚದ ಒಂದು ಬಿಲ್ಲೆಯ ಮೇಲೆ ಅರಿಶಿನದ ನೀರು ಬಿಟ್ಟು ಮರುದಿನ ಒರೆಸಿದರೆ ಹಳದಿ ನರಗಳು, ಏನು ಮಾಡಿದರೂ ಹೋಗಲಿಲ್ಲ, ಮೇಣ ಹಚ್ಚಿದ್ದರ ಮೇಲೆ ಬಿಟ್ಟರೆ ಒಂದೇ ಎಳೆತಕ್ಕೆ ಸ್ವಚ್ಛ. ಜಗದಾಂಬನಿಗೆ ಇದನ್ನೆಲ್ಲ ಹೇಳಿಕೊಡಬೇಕು, ನಿಧಾನವಾಗಿ ಹೇಳಿಕೊಡುತ್ತೇನೆ, ಒಗ್ಗರಣೆ ಸಿಡಿದರೆ ಗಾಬರಿಯಾಗಬೇಡ, ಬಟ್ಟೆ ಇಲ್ಲೇ ಮೊಳೆಗೆ ತೂಗಿದೆ.

ಆರಿಸಿದ್ದು ನಾನೇ, ಒಂದೊಂದನ್ನೂ. ಬಚ್ಚಲಿಗೆ ಕೊಳವೆ ಬೇಕೆಂದು ಹೇರೋಹಳ್ಳಿಯ ದಾರಿಯಲ್ಲಿರುವ ವೆಂಕಟಸ್ವಾಮಿಯ ಭಟ್ಟಿಗೆ ಹೋಗಿದ್ದೆ, ಉಪ್ಪಿನಕಾಯಿ ಜಾಡಿ, ಚರಂಡಿ ಕೊಳವೆ ಸುಡುವವನು, ಸುತ್ತ ರಾಗಿಯ ಕೂಳೆ, ಭಟ್ಟಿಯ ಬಾಯಿ ಆಗ ತಾನೇ ತೆಗೆದಿತ್ತು, ಒಳಗಿನಿಂದ ಟಿಣ್, ಟಿಣ್ ಎಂದು ಸಣ್ಣ ಸದ್ದು, ಯಾರೋ ಗಾಜಿನ ಬಳೆಗಳನ್ನು ಒಂದೊಂದಾಗಿ ಕೆಳಗಿಡುತ್ತಿದ್ದ ಹಾಗೆ, ಏನಪ್ಪಾ ಅದು ಅಂದೆ, ಬಿಲ್ಲೆ ಸ್ವಾಮಿ, ತಣ್ಣಗಾಗ್ತಾ ಮೈ ಮುರೀತಾ ಇದಾವೆ ಅಂದ, ಒಳಗಿನ ಮಣ್ಣು ಕುಗ್ಗೋದೇ ಒಂದು ಅಳತೆ, ಮೇಲಿನ ಗಾಜು ಕುಗ್ಗೋದೇ ಒಂದು ಅಳತೆ, ಅದಕ್ಕೇ ಮೆರುಗು ಹಿಂಗೆ ಎಳೆಎಳೆಯಾಗಿ ಸೀಳುತ್ತೆ, ಬೇಕೂ ಅಂತ್ಲೇ ಮಾಡಿರೋದು, ಯಾರೋ ದೊಡ್ಡ ಮನೆಯವರು ಹೇಳಿ ಮಾಡಿಸಿ ಆಮೇಲೆ ಬೇಡ ಅಂದ್ಬಿಟ್ರು. ಕೈಗೆತ್ತಿಕೊಂಡೆ, ಇನ್ನೂ ಬೆಚ್ಚಗಿತ್ತು. ಓರೆ ಬೆಳಕಿಗೆ ಹಿಡಿದು ನೋಡಿದೆ, ಗೆಣ್ಣಿನಿಂದ ತಟ್ಟಿ ನೋಡಿದೆ, ಕಂಚಿನ ಹಾಗೆ ದನಿ ಕೊಟ್ಟದ್ದನ್ನು ಇಟ್ಟುಕೊಂಡು ಮಂಕಾಗಿ ಸದ್ದು ಮಾಡಿದ್ದನ್ನು ಪಕ್ಕಕ್ಕೆ ಸರಿಸಿದೆ, ಮಣ್ಣೇ ಸೀಳಿದ್ದರೆ ದನಿ ಸತ್ತಿರುತ್ತದೆ, ಅಂಚಿಗೆ ಉಕ್ಕಿನ ಸ್ಕೇಲು ಹಿಡಿದು ಡೊಂಕು ನೋಡಿದೆ, ನೀವೇನು ಹೆಣ್ಣು ನೋಡೋಕೆ ಬಂದಿದೀರಾ ಸ್ವಾಮಿ ಎಂದು ವೆಂಕಟಸ್ವಾಮಿ ನಕ್ಕ, ನಗಲಿ, ನನಗೆ ಆ ಕ್ಷಣಕ್ಕೇ ಗೊತ್ತಾಗಿತ್ತು ಇವು ಎಲ್ಲಿಗೆ ಎಂದು — ನೆನಪಾಗಿತ್ತು, ನಾವಿದ್ದ ಕಾಟನ್‌ಪೇಟೆಯ ವಠಾರದಲ್ಲಿ ಊದುಗೊಳವೆ ಹಿಡಿದು ಕೂತ ಜಗದಾಂಬ, ಆಗ ಬಸುರಿ, ಕಣ್ಣು ಕೆಂಪಗೆ, ಎದುರಿನ ಗೋಡೆ ಕಾಡಿಗೆಯಂತೆ ಕಪ್ಪಗೆ, ಹೊಸ ಮನೆಯ ನಕ್ಷೆಯನ್ನು ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದಾಗ ಬಂದು ಬಗ್ಗಿ, ಅಡುಗೆಮನೆಯ ಮೇಲೆ ಬೆರಳಿಟ್ಟು, ರೀ, ಒಲಿ ಹಿಂದ ಬೆಳಕಿರ್ಲಿ, ಈ ಕರೇ ಗೋಡಿ ನೋಡಿ ನೋಡಿ ಸಾಕಾಗೇತಿ ಅಂದಳು, ಬೇರೇನೂ ಕೇಳಲಿಲ್ಲ, ಸೀರೆ ಕೇಳಲಿಲ್ಲ, ಒಡವೆ ಕೇಳಲಿಲ್ಲ, ಒಲೆಯ ಹಿಂದೆ ಬೆಳಕು. ಇದಕ್ಕಿಂತ ಬೆಳಕು ಬೇಕೇ, ಮುಖ ಕಾಣುವಷ್ಟು ಹೊಳೆಯುತ್ತದೆ. ಗಾರೆ ಮೇಸ್ತ್ರಿ ಅಂಜಿನಯ್ಯ ಮಾತ್ರ ತಲೆ ಕೆರೆದುಕೊಂಡ, ಹೊಸ ಮನೆಗೆ ಸೀಳಿರೋ ಸಾಮಾನು ಹಾಕಿಸ್ತೀರಾ ಸ್ವಾಮಿ, ನೋಡ್ದೋರು ಏನಂದಾರು, ಅವನ ಕೈಗೇ ಒಂದು ಕೊಟ್ಟು ತಟ್ಟಯ್ಯ ಅಂದೆ, ತಟ್ಟಿದ, ದನಿ ಕೇಳಿ ಗಾರೆ ಕಲಸಲು ಎದ್ದ. ನಿಂತುಕೊಂಡು ಅಡುಗೆ ಮಾಡುವ ಕಟ್ಟೆಯ ಮೇಲ್ಗಡೆ ಅವನೊಂದು ಕಿಟಕಿಗೆ ಜಾಗ ಬಿಟ್ಟಿದ್ದ, ಎಲ್ಲರ ಮನೆಗೂ ಬಿಡುವ ಹಾಗೆ, ಅದು ನಟ್ಟನಡುವೆ ಇದ್ದರೆ ಬಿಲ್ಲೆಗಳ ಸಾಲು ಕಡಿದುಹೋಗುತ್ತದೆ, ಅಂದ ಕೆಡುತ್ತದೆ, ಮುಚ್ಚಿಬಿಡು ಅಂದೆ, ಒಳ್ಳೇದೇ ಆಯ್ತು ಬಿಡಿ ಸ್ವಾಮಿ, ಇರಚಲು ಬರಲ್ಲ, ಬೆಕ್ಕಿನ ಕಾಟವೂ ತಪ್ತು ಎಂದು ಇಟ್ಟಿಗೆ ತುಂಬಿ ಗಾರೆ ಮೆತ್ತಿದ, ಹಿತ್ತಿಲ ಬಾಗಿಲಂತೂ ಇದ್ದೇ ಇದೆ, ಗಾಳಿಗೇನು ಕೊರತೆ — ಗೆಜ್ಜೆಯ ಸದ್ದು, ಕುದುರೆಯದು, ಬಂದರು.

ಜಗದಾಂಬ ಇಳಿಯುತ್ತಾಳೆ, ಕೆನ್ನೆ ತುಂಬಿಕೊಂಡಿದೆ, ಕೈತುಂಬ ಹಸಿರು ಬಳೆ, ಕುಲಾವಿಯೊಳಗಿಂದ ಕೂಸು ನನ್ನನ್ನು ಯಾರೋ ಎಂಬಂತೆ ನೋಡುತ್ತದೆ, ನಾನೇ ಕಣಮ್ಮ, ನಿಮ್ಮಪ್ಪ, ಶಿವಕ್ಕನವರು ಜಟಕಾದವನಿಗೆ ಗಂಟುಗಳನ್ನು ಇಲ್ಲಿಡು ಅಲ್ಲಿಡು ಎನ್ನುತ್ತ ಆಗಲೇ ಪಡಸಾಲೆ ದಾಟಿದ್ದಾರೆ, ಗೋಡೆ ತಟ್ಟುತ್ತ, ಬಾಗಿಲ ಅಗುಳಿ ಅಲ್ಲಾಡಿಸುತ್ತ, ಪರವಾಗಿಲ್ಲ, ನಾನೂ ಹಾಗೇ ನೋಡುವವನು, ಅಡುಗೆಮನೆಯ ಹೊಸ್ತಿಲಲ್ಲಿ ಮೂವರೂ ನಿಂತೆವು. ಜಗದಾಂಬ ಒಳಗೆ ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟಳು. ತಣ್ಣಗೈತಿ ಅಂದಳು, ನಕ್ಕಳು, ನನಗೆ ಅಷ್ಟು ಸಾಕಾಗಿತ್ತು. ಇದೇನ್ರಿ ಅಳಿಯಂದ್ರೆ, ಹೊಸಾ ಗೋಡಿ ಆಗ್ಲೇ ಸೀಳೇತಿ ಎನ್ನುವುದು ಅತ್ತೆಯ ದನಿ, ಸೀಳಿಲ್ಲ ಅತ್ತೆ, ಮೇಲಿನ ಮೆರುಗು ಮಾತ್ರ ಹಾಗೆ, ಬೇಕೆಂದೇ ಮಾಡಿರೋದು ಅಂದೆ, ಬೇಕಂತ ಯಾರರ ಸೀಳತಾರೇನ್ರಿ, ನಿಂತು ಅಡಿಗಿ ಮಾಡಾಕ ಇದೇನು ಹೋಟ್ಲಾ, ಅದೇನದು ಬಣ್ಣದ ಅಂಗಡಿ ವಾಸನಿ, ಮೇಣ ಅತ್ತೆ, ಆರಿಹೋಗುತ್ತೆ ಅಂದೆ, ಮೂಗಿಗೆ ಸೆರಗು ಹಿಡಿದರು, ಹಿಡಿದುಕೊಂಡೇ ಹತ್ತಿರ ಬಂದು ಒಂದು ಬಿಲ್ಲೆಯನ್ನು ಉಗುರಿನಿಂದ ಕೆರೆದು ನೋಡಿದರು, ಅದು ಜಗ್ಗಲಿಲ್ಲ. ಆಗಲಿ, ಮೊದ್ಲು ಹಾಲು ಉಕ್ಕಿಸೂಣು, ಕಟ್ಟಿಗಿ ಎಲ್ಲೈತಿ ಅಂದರು. ಪಂಪ್ ಸ್ಟೌವ್ ಇದೆ ಅಂದರೆ ಕೇಳುತ್ತಾರೆಯೇ, ಹೊಸಾ ಮನಿಯಾಗ ಮೊದ್ಲ ಬೆಂಕಿ ಕಟ್ಟಿಗೀದೇ ಆಗ್ಬೇಕು, ಸರಿ, ತಂದುಕೊಟ್ಟೆ, ಈ ಒಲೆಗೆ ನಾನು ಒಂದು ದಿನವೂ ಕಟ್ಟಿಗೆ ಹಚ್ಚಿದವನಲ್ಲ, ಊಟ ಮೆಸ್ಸಿನಲ್ಲಿ, ಕಾಫಿ ಸ್ಟೌವಿನ ಮೇಲೆ. ಉರಿ ಎದ್ದಿತು, ಬಿಲ್ಲೆಗಳ ತುಂಬ ಬೆಂಕಿಯ ನೆರಳು, ಪ್ರತಿಯೊಂದು ಎಳೆಯೂ ಕೆಂಪಾಗಿ ಮಿನುಗಿತು, ನೋಡು ಜಗದಾ, ನೋಡು ಅನ್ನಬೇಕೆಂದುಕೊಂಡೆ, ಅಷ್ಟರಲ್ಲಿ ಹೊಗೆ. ಗೋಡೆಗುಂಟ ನೆಟ್ಟಗೆ ಏರಿತು, ಮಾಳಿಗೆ ಮುಟ್ಟಿತು, ಅಲ್ಲಿಂದ ಅಗಲವಾಗಿ ಮೆಲ್ಲಗೆ ಕೆಳಗಿಳಿಯಿತು, ಬಾಗಿಲಿಂದ ಹೋಗುತ್ತದೆ ಬಿಡಿ ಅಂದೆ, ಹಿತ್ತಿಲ ಗಾಳಿ ಅದನ್ನು ತಿರುಗಿ ಒಳಕ್ಕೇ ದಬ್ಬಿತು, ಬಿಸಿಗೆ ಮೇಣ ಬೆವರತೊಡಗಿತು, ವಾಸನೆ ಇನ್ನೂ ಹೆಚ್ಚಾಯಿತು, ಹಾಲು ಉಕ್ಕುವ ಮೊದಲೇ ಕೂಸು ಕೆಮ್ಮಿತು, ಒಂದು ಸಲ, ಆಮೇಲೆ ಬಿಡದೆ, ಆ ಸಣ್ಣ ಎದೆಯೆಲ್ಲ ಎದ್ದು ಬಿದ್ದು ಮುಖ ನೇರಳೆಯಾಗುವಷ್ಟು, ಜಗದಾಂಬ ಅದನ್ನು ಎದೆಗವಚಿಕೊಂಡು ಹಿತ್ತಿಲಿಗೆ ಓಡಿದಳು. ಹೊಗೆ ತಾಳದೆ ಓಡುವ ಆ ಬೆನ್ನು ನನಗೆ ಗೊತ್ತು, ಕಾಟನ್‌ಪೇಟೆಯಲ್ಲಿ ದಿನಾ ನೋಡುತ್ತಿದ್ದೆ.

ಗಂಟು ಬಿಚ್ಚಬ್ಯಾಡ ಜಗದಾ, ಸಂಜೀ ರೈಲಿಗೆ ಹೋಗೂಣು — ಶಿವಕ್ಕನವರು ಕೂಗಾಡಲಿಲ್ಲ, ಮೆಲ್ಲಗೇ ಅಂದರು, ಅದೇ ನನಗೆ ನಾಟಿದ್ದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕೂಸಿನ ಬೆನ್ನು ನೀವುತ್ತ, ಅಳಿಯಂದ್ರೆ, ಮನಿ ಚೆಂದ ಕಟ್ಟೀರಿ, ಇಲ್ಲನ್ನಂಗಿಲ್ಲ, ಆದ್ರ ಹೊಗಿ ಎಲ್ಲಿಗೆ ಹೋಗ್ಬೇಕ್ರಿ. ನಾನು ಜಗದಾಂಬನ ಕಡೆ ನೋಡಿದೆ, ಒಲೆ ಹಿಂದೆ ಬೆಳಕಿರಲಿ ಅಂದವಳು ನೀನೇ ಅಲ್ಲವೇ, ಬೆಳಕು ಮಾಡಿಸಿದೆನಲ್ಲ, ಅಂದೇಬಿಟ್ಟೆ, ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಗೋಡ್ಯಾಗ ಬೆಳಕು ಇನ್ನೆಲ್ಲಿಂದ ಬರ್ತೈತ್ರಿ, ಕಿಟಕಿ ಅಂತ ತಿಳೀತೀರಿ ಅನ್ಕೊಂಡಿದ್ದೆ ಅಂದಳು, ಸಿಟ್ಟಿಲ್ಲ, ದೂರಿಲ್ಲ, ಅಷ್ಟೇ ಮಾತು. ಕಿಟಕಿ. ಮುಚ್ಚಿಸಿದವನು ನಾನು. ಸರಿ, ಇದರಲ್ಲಿ ಯೋಚನೆ ಏನಿದೆ, ಮಾಲು ಎಷ್ಟೇ ಹೊಳೆಯಲಿ, ಕೆಲಸಕ್ಕೆ ಬರದಿದ್ದರೆ ತೆಗೆದಿಡುತ್ತೇನೆ, ಯಾರ ಕೈಯಿಂದ ಬಂದಿದ್ದು ಎಂದು ಇವತ್ತಿನವರೆಗೆ ಕೇಳಿದವನಲ್ಲ, ನನ್ನ ಕೈದೇ ಆದರೇನು. ಪೆಟ್ಟಿಗೆಯಿಂದ ಸುತ್ತಿಗೆ, ಉಳಿ. ಏನ್ ಮಾಡ್ತೀರಿ ಅಂದಳು. ಕಿಟಕಿ ಅಂದೆ. ನಿಲ್ರಿ, ಬಿಲ್ಲಿ ಒಡೀತಾವು, ಚೆಂದ ಅದಾವು. ಒಡೆಯಲಿ. ಇವತ್ತೇನಾ. ಈಗಲೇ. ಅತ್ತೆ, ಸಂಜೆ ರೈಲಿಗೆ ಇನ್ನೂ ಹೊತ್ತಿದೆ, ಕೂತಿರಿ ಅಂದೆ, ಗೋಡೆಯ ಹೊರಮೈ ಎದುರು ನಿಂತೆ, ಮುಚ್ಚಿದ ಕಿಟಕಿಯ ಮೇಲಿನ ಕಲ್ಲುಚಪ್ಪಡಿಯನ್ನು ಅಂಜಿನಯ್ಯ ತೆಗೆದಿರಲಿಲ್ಲ, ಭಾರವೆಲ್ಲ ಅದರ ಮೇಲಿದೆ, ಕೆಳಗೆ ತುಂಬಿದ್ದು ಬರಿಯ ಇಟ್ಟಿಗೆ, ಹೊರಗಿನಿಂದ ಹೊಡೆದರೆ ಮನೆಗೇನೂ ಆಗುವುದಿಲ್ಲ, ಜಾಗ ಕಣ್ಣಳತೆಯಲ್ಲೇ ಗೊತ್ತು. ಜಗದಾಂಬ ಕೂಸನ್ನು ತಾಯಿಯ ಮಡಿಲಿಗೆ ಹಾಕಿದಳು, ಸೆರಗು ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಂಡಳು, ಗೋಣಿಚೀಲ ಹಿಡಿದು ಒಳಗೆ ಹೋದಳು, ಬ್ಯಾಡ ಜಗದಾ, ಹೊಗಿ ಐತಿ ಎಂದು ತಾಯಿ ಕೂಗಿದರೂ ನಿಲ್ಲಲಿಲ್ಲ, ಒಲಿ ಆರ್ಸೀನಿ, ಬಿದ್ದಷ್ಟು ಬಿಲ್ಲಿ ಚೀಲದಾಗ ಹಿಡೀತೀನಿ, ನೀವು ಹೊಡೀರಿ — ಗೋಡೆಯ ಆಚೆಯಿಂದ ಅವಳ ದನಿ, ಮೂಗು ಕಟ್ಟಿದ ದನಿ, ನಗುತ್ತಿದ್ದಾಳೋ ಕೆಮ್ಮುತ್ತಿದ್ದಾಳೋ. ಹೊಡೆದೆ. ಗಾರೆ ಹಾರಿತು, ಮತ್ತೆ ಹೊಡೆದೆ, ಒಂದು ಇಟ್ಟಿಗೆ ಅಲುಗಿತು, ಕಿತ್ತೆ, ಇನ್ನೊಂದು, ಒಳಗೆ ಬಿಲ್ಲೆ ಚೀಲಕ್ಕೆ ಬಿತ್ತು, ಒಡೀಲಿಲ್ಲ ಅಂದಳು, ಮುಂದಿನದು ಒಡೆಯಿತು, ಒಡೀತು ಅಂದಳು, ಕೂಸಿನ ಕೆಮ್ಮು ನಿಂತಿದೆ, ಬೆನ್ನ ಹಿಂದೆ ಶಿವಕ್ಕನವರ ದನಿ, ಎಡಕ್ಕ, ಅಳಿಯಂದ್ರೆ, ಇನ್ನಾ ಒಂದೀಟು ಎಡಕ್ಕ ಹೊಡೀರಿ, ಗಾಳಿ ಆ ಕಡಿಂದ ಬರ್ತೈತಿ, ತಿರುಗಿ ನೋಡಿದರೆ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಗಂಟು ಬಿಚ್ಚಿ ಹಾಸುವ ಬಟ್ಟೆ ತೆಗೆಯುತ್ತಿದ್ದಾರೆ, ನಾನು ನೋಡಿದ್ದು ಕಂಡೂ ಕಾಣದವರ ಹಾಗೆ, ಎಡಕ್ಕೇ ಹೊಡೆದೆ, ನಾಳೆ ಬಡಗಿಗೆ ಹೇಳಿ ಚೌಕಟ್ಟು, ಎರಡು ಬಾಗಿಲು, ಉಳಿದ ಬಿಲ್ಲೆಗಳು ಸುತ್ತ ಅಂಚಿಗೆ ಸರಿಯಾಗಿ ಕೂರುತ್ತವೆ, ಕತ್ತರಿಸಿದ ಅಂಚಿಗೆ ಮೇಣ ಎರಡು ಸಲ ಹಚ್ಚಬೇಕು, ಅಲ್ಲಿಂದಲೇ ಎಣ್ಣೆ ಕುಡಿಯುವುದು, ಅಂಜಿನಯ್ಯ ನಗುತ್ತಾನೆ, ನಗಲಿ, ಇನ್ನೊಂದು ಪೆಟ್ಟು, ತೂತು. ಮೊದಲು ಹೊಗೆ ಬಂತು, ಕಣ್ಣಿಗೇ ಹೊಡೆಯಿತು, ಮುಖ ತಿರುಗಿಸಿದೆ, ಮತ್ತೆ ನೋಡಿದರೆ ಆ ತೂತಿನಿಂದ ಒಂದು ಕೈ. ಜಗದಾಂಬನ ಕೈ, ಮಸಿ ಹತ್ತಿದೆ, ಗಾಳಿ ಎಲ್ಲಿದೆ ಎಂದು ಹುಡುಕುವ ಹಾಗೆ ಹೊರಗೆ ಬಂದಿದೆ, ಬಂತೇನ್ರಿ, ಹೊಗಿ ಹೊರಗ ಬಂತೇನ್ರಿ ಎಂದು ಒಳಗಿನಿಂದ ಕೇಳುತ್ತಿದ್ದಾಳೆ, ಬಂತು ಅನ್ನಬೇಕು, ಇನ್ನೂ ಎರಡು ಸಾಲು ಇಟ್ಟಿಗೆ ತೆಗೆಯಬೇಕು, ಹಾಲು ಹೊಸದಾಗಿ ತರಬೇಕು, ಬಡಗಿಗೆ — ಆ ಕೈ, ಇಟ್ಟಿಗೆಯ ಕೆಂಪು ಪುಡಿಯ ನಡುವೆ, ಹಸಿರು ಬಳೆಗಳು ಮೊಣಕೈಯತ್ತ ಜಾರಿ, ಸುತ್ತಿಗೆ ಎತ್ತಿದವನು ಹಾಗೇ ನಿಂತಿದ್ದೇನೆ, ಆ ಕೈ, ಬಿಸಿಲಿನಲ್ಲಿ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿವೆ, ಸಂದಿನಿಂದ ಹೊಗೆ ಹರಿದು ಹೋಗುತ್ತಿದೆ, ಆ ಕೈ