ಎಲುಬಿನ ಥಂಡಿ

ತೊಟ್ ತೊಟ್ ಎಂದು ನೀರು ಬೀಳುತ್ತಿದೆ, ಮೊಣಕಾಲಿನ ಮೇಲಿನ ಐಸಿನ ಚೀಲದಿಂದಲೇ ಇರಬೇಕು, ಸೊಸೆ ಮೆಹನಾಜ ಟವೆಲ್ ಸುತ್ತಿ ಇಟ್ಟು ಹೋದಳು, ಬಾವು ಇಳೀತೈತ್ರಿ ಅಮ್ಮಾ, ನೋವು ಕಡಿಮಿ ಆಕ್ಕೈತಿ, ಥಂಡಿ ಭಾಳ ಹತ್ತಿದ್ರ ಕರೀರಿ ಅಂದಳು, ಏನೆಂದು ಕರೆಯಲಿ, ಕಾಲಿಗೆ ಥಂಡಿಯೇ ಹತ್ತುತ್ತಿಲ್ಲ — ಡಾಕ್ಟರು ಕೂಡಿಸಿದ ಹೊಸ ಮೊಣಕಾಲು ಯಾರದೋ ಮನೆಯ ಕೂಸಿನ ಹಾಗೆ ತನ್ನ ಪಾಡಿಗೆ ಮಲಗಿದೆ. ಥಂಡಿ ಬೇರೆ ಎಲ್ಲೋ ಇದೆ, ಈ ಕೋಣೆಯಲ್ಲಿಲ್ಲ, ಆದರೂ ಅದು ನನ್ನದೇ ಥಂಡಿ, ಸವೆದ ಎಲುಬನ್ನು ಕೊಯ್ದು ತೆಗೆದರಲ್ಲ, ಅದು ಎಲ್ಲೋ ಬಿದ್ದು ನಡುಗುತ್ತಿದೆ. ಹೊರಗೆ ನಾಯಿ ಬೊಗಳುತ್ತಿದೆ, ಈ ಉರಿಬಿಸಿಲಿನಲ್ಲಿ ಇದಕ್ಕೇನು ಬಂತು, ಆಸ್ಪತ್ರೆಯಿಂದ ಕರೆತರುವಾಗಲೂ ಕಾಂಪೌಂಡಿನ ಹಿಂದೆ ಒಂದು ನಾಯಿ ನಿಂತಿತ್ತು, ಬಾಯಲ್ಲಿ ಬಿಳಿಯದೇನೋ ಇತ್ತು, ನಾನು ಆಟೋದಲ್ಲಿ ಕುತ್ತಿಗೆ ತಿರುಗಿಸುವಷ್ಟರಲ್ಲಿ ಗೋಡೆ ಅಡ್ಡ ಬಂತು.

ಆಪರೇಷನ್ನಿಗೆ ಮುಂಚೆಯೇ ಮಗ ಇಜಾಜನ ಕೈ ಹಿಡಿದು ಹೇಳಿದ್ದೆ, ಮತ್ತೇನೂ ಕೇಳೂದಿಲ್ಲಪಾ, ತಗದ ಎಲುಬ ಇಸಕೊಂಡು ಮಲ್ಲಸಮುದ್ರದಾಗ ನಿಮ್ಮ ಅಬ್ಬಾರ ಕಬರಿನ ಬಾಜೂಕ ಮಣ್ಣಾಗ ಇಡು, ನನ್ನ ಮೈಯಾಗಿಂದು ಕಸದಾಗ ಬೀಳಬಾರದು. ಹೂಂ ಅಂದ. ಆಪರೇಷನ್ ಆದ ಮರುದಿನ ಬಂದು, ಆತಮ್ಮಾ, ಅಬ್ಬಾರ ಬಾಜೂಕ ಬೇವಿನ ಗಿಡದ ಬುಡಕ ಇಟ್ಟು ಬಂದೆ, ಖರೇನ, ಅಂದ. ಅದರ ಹಿಂದಿನ ರಾತ್ರಿಯಿಡೀ ಮಳೆ ಸುರಿದಿತ್ತು, ಅಲ್ಲಿಯದು ಎರೆಮಣ್ಣು, ಕಾಲಿಟ್ಟರೆ ಚಪ್ಪಲಿ ಬಿಡುವುದಿಲ್ಲ, ಅವನ ಪ್ಯಾಂಟಿನ ಅಂಚಿಗೆ ಒಂದು ಚುಕ್ಕೆಯೂ ಇರಲಿಲ್ಲ. ಕಂಡೂ ಕಾಣದವಳಂತೆ ಕಣ್ಣು ಮುಚ್ಚಿಕೊಂಡೆ. ಪಾಪ, ಕೇಳಲು ನಾಚಿಕೆಯಾಯಿತೋ, ಆಸ್ಪತ್ರೆಯವರೇ ಕೊಡಲಿಲ್ಲವೋ. ಇವನ ಅಬ್ಬಾ ಖಾಸಿಂಸಾಬರು ಅಲ್ಲಿ ಕಬರಿನಲ್ಲಿ ಕಾಯುತ್ತಿದ್ದಾರೆ, ಸಂತೆಗೆ ಹೊರಟಾಗಲೂ ಹೀಗೇ ಬಾಗಿಲಲ್ಲಿ ನಿಂತು ಕಾಯುತ್ತಿದ್ದರು, ಜನ್ನತ, ಎಲ್ಲಾದಕ್ಕೂ ತಡಾ ಮಾಡ್ತಿ, ಈ ಸಲ ಕಾಲೂ ಬಿಟ್ಟು ಬಂದ್ಯಾ ಎಂದು ನಗಾಡುತ್ತಾರೆ. ನನಗೆ ನಗು ಬರುವುದಿಲ್ಲ, ಹೆದರಿಕೆ ಬರುತ್ತದೆ, ಕಯಾಮತ್ತಿನ ದಿನ ಸತ್ತವರೆಲ್ಲರೂ ಕಬರಿನಿಂದ ಎದ್ದು ನಿಂತಾಗ ನಾನು ಯಾವ ತಿಪ್ಪೆಯಲ್ಲಿ ನನ್ನ ಎಲುಬು ಹುಡುಕುತ್ತ ಕೂಡ್ರಲಿ.

ಮೆಹನಾಜ ಬಂದು ಚೀಲ ತೆಗೆದಳು, ಬೆರಳಿನಿಂದ ಒತ್ತಿದಳು, ನೋವು ಹ್ಯಾಂಗೈತ್ರಿ ಅಮ್ಮಾ, ಇಲ್ಲವ್ವ ಅಂದೆ, ಸುಳ್ಳಲ್ಲ, ಮೊಣಕಾಲಿನಲ್ಲಿ ನೋವಿಲ್ಲ, ಅದು ಎದ್ದು ಹೋಗಿದೆ, ಅಂಗಳ ದಾಟಿ ಗಟಾರ ದಾಟಿ ಹೊರಗೆ ಹೋಗಿದೆ, ಅಲ್ಲಿ ನಾಯಿಯ ಬೊಗಳುವಿಕೆ ನಿಂತಿದೆ — ಬಾಯಲ್ಲಿ ಏನಾದರೂ ಇದ್ದರೆ ನಾಯಿ ಬೊಗಳುವುದಿಲ್ಲ. ಬಾಗಿಲಲ್ಲಿ ಬಂದು ನಿಂತ ಮಗನಿಗೆ ಅಂದೆ, ಇಜಾಜ, ಕಿಡಕ್ಯಾಗ ಹಣಿಕಿ ಹಾಕಪಾ, ನಾಯಿ ಏನ್ ಹಿಡದೈತಿ ನೋಡು. ಏನೂ ಇಲ್ಲಮ್ಮಾ, ಮಲ್ಕೊ. ಅವನು ಕಿಟಕಿಯ ಕಡೆ ಹೋಗಲೇ ಇಲ್ಲ. ಮಲ್ಲಸಮುದ್ರಕ್ಕ ಹೋಗಿದ್ಯೇನಪಾ, ಖರೆ ಹೇಳು. ಅವನು ಗೋಡೆಯ ಕಡೆ ಮುಖ ಮಾಡಿ ನಿಂತ, ಮೆಹನಾಜ ಅವನನ್ನು ನೋಡಿದಳು, ನೀರು ತೊಟ್ ತೊಟ್ ಎನ್ನುತ್ತಲೇ ಇದೆ, ಚೀಲ ತೆಗೆದರೂ ಬೀಳುತ್ತಿದೆ, ಅದು ನಾಯಿಯ ಜೊಲ್ಲು, ಎಲುಬು ಒದ್ದೆ, ಈಗ ಬೆಚ್ಚಗಾಯಿತು, ಮೊದಲ ಸಲ ಬೆಚ್ಚಗಾಯಿತು, ಯಾವುದೋ ಉಸಿರು ತಾಗಿ — ಯಾರೂ ಮುಟ್ಟದ ನನ್ನ ಕಾಲು ಹಾಸಿಗೆಯಲ್ಲಿ ಸರಕ್ಕನೆ ಜಗ್ಗಿತು, ಮತ್ತೆ ಜಗ್ಗಿತು, ಬಿಳಿಯ ತುಂಡು, ಅದರ ಎರಡೂ ಕಡೆ ಹಲ್ಲು, ಬಿಳಿಯ ತುಂಡು, ಹಲ್ಲು —