ನಲವತ್ತೈದೋ, ಮೂವತ್ತಮೂರೋ

ಆಡ್ ಗ್ಲವ್ಸ್ ಬ್ಯಾಂಡು ಇದ್ದದ್ದು ಒಟ್ಟು ಆರು ವರ್ಷ. ಹಲ್ ಅನ್ನುವ ಬಂದರು ಊರಿನ ಹೆಸಲ್ ರೋಡಿನಲ್ಲಿ, ಮೀನಿಗೆ ಹೊಗೆ ಹಾಕುತ್ತಿದ್ದ ಹಳೇ ಕಟ್ಟಡದ ಮೇಲಿನ ಕೋಣೆಯಲ್ಲಿ ಅವರು ನುಡಿಸುತ್ತಿದ್ದರು. ಅಲ್ಲಿನ ಚಳಿಗೆ ಡ್ರಮ್ಮಿನ ನೀಲ್ ಎಡಗೈಗೊಂದು ಬಲಗೈಗೊಂದು ಜೋಡಿಯಿಲ್ಲದ ಕೈಗವಸು ಹಾಕಿಕೊಂಡು ಬಾರಿಸುತ್ತಿದ್ದ. ಬ್ಯಾಂಡಿಗೆ ಆ ಹೆಸರು ಬಂದದ್ದು ಹಾಗೆ. ಗಿಟಾರಿಗೆ ಡಂಕನ್ ಇದ್ದ. ಹಾಡುವುದೂ ಬೇಸ್ ನುಡಿಸುವುದೂ ನನ್ನ ತಮ್ಮ ರಾಯ್‌ನ ಮಗಳು ಲಿನೆಟ್. ಮೂವರೇ. ನಾನು ಲೆನ್, ಅವಳ ದೊಡ್ಡಪ್ಪ. ನನ್ನ ಮೀನಿನ ವ್ಯಾನಿನಲ್ಲಿ ಅವರ ಸಾಮಾನು ಹೊರುತ್ತಿದ್ದೆ. ಅವರು ಎಲ್ಲಿ ಹೋಗಿ ನುಡಿಸಿದರೂ ಅವರಿಗಿಂತ ಮುಂಚೆ ವಾಸನೆ ಒಳಗೆ ಹೋಗುತ್ತಿತ್ತು.

ರಾಯ್ ಸಮುದ್ರದ ಪಾಲಾದದ್ದು ಎಪ್ಪತ್ತನೇ ಇಸವಿಯಲ್ಲಿ. ಐಸ್‌ಲ್ಯಾಂಡಿನ ಆಚೆ ಮೀನು ಹಡಗಿನ ಮೇಲಿಂದ ಅಲೆ ಅವನನ್ನು ಎಳೆದುಕೊಂಡಿತು. ಲಿನೆಟ್‌ಗೆ ಆಗ ನಾಲ್ಕು ವರ್ಷ. ಅಪ್ಪನ ಮುಖ ಫೋಟೋದಲ್ಲಿ ಗೊತ್ತು, ಅಷ್ಟೆ.

ಎಂಬತ್ತಾರರಲ್ಲಿ ಅವರು ಒಂದು ರೆಕಾರ್ಡು ಮಾಡಿದರು. ಲಿನೆಟ್ ಕಟ್ಟಿದ ಹಾಡು, 'ಬಟ್ಟೆ ಒಗೆಯದ ದಿನ' ಅಂತ. ನಮ್ಮ ರಸ್ತೆಯಲ್ಲಿ ಗಂಡ ಹಡಗು ಹತ್ತಿದ ದಿನ ಹೆಂಡತಿ ಬಟ್ಟೆ ನೀರಿಗೆ ಹಾಕುವುದಿಲ್ಲ. ಹಾಕಿದರೆ ಗಂಡನನ್ನೇ ನೀರಿಗೆ ಹಾಕಿದಂತೆ. ಅವಳಮ್ಮ ಬ್ರೆಂಡಾ ಆ ದಿನ ಬುಟ್ಟಿ ತುಂಬ ಕೊಳೆ ಬಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತದ್ದೇ ಆ ಹಾಡು.

ಐನೂರು ರೆಕಾರ್ಡು ಬಂದವು, ಐದು ಪೆಟ್ಟಿಗೆ. ಕಾರ್ಖಾನೆಯವರು ಎರಡೂ ಮಗ್ಗುಲಿಗೆ ಖಾಲಿ ಬಿಳಿ ಚೀಟಿ ಅಂಟಿಸಿ ಕಳಿಸಿದ್ದರು. ಒಂದು ಮಗ್ಗುಲಲ್ಲಿ ಲಿನೆಟ್‌ಳ ಹಾಡು. ಅದು ನಿಮಿಷಕ್ಕೆ ನಲವತ್ತೈದು ಸುತ್ತು ತಿರುಗಬೇಕು. ಇನ್ನೊಂದರಲ್ಲಿ ಡಂಕನ್‌ನ ಮಾತಿಲ್ಲದ ಬರೀ ವಾದ್ಯ. ಅದು ಉದ್ದವಾದ್ದರಿಂದ ಮೂವತ್ತಮೂರು ಸುತ್ತು. ಮಗ್ಗುಲು ಗುರುತಿಸಲು ಚೀಟಿಯ ಸುತ್ತಿನ ಕಪ್ಪು ಜಾಗದಲ್ಲಿ ಸಣ್ಣದಾಗಿ ಗೀರಿರುತ್ತಾರೆ. ದೊಡ್ಡ ಕಂಪನಿಯವರಾದರೆ ಅಲ್ಲಿ ನಂಬರು. ನಮ್ಮವರಂಥ ಬ್ಯಾಂಡುಗಳೆಲ್ಲ ಆಗ ಅಲ್ಲಿ ಏನಾದರೊಂದು ತಮಾಷೆ ಬರೆಸುತ್ತಿದ್ದವು. ಹಾಗಾಗಿ ಹಾಡಿನ ಮಗ್ಗುಲಿಗೆ 'ಕೆಟಲ್ ಇಟ್ಟಿದೀನಿ' ಅಂತ, ವಾದ್ಯದ ಮಗ್ಗುಲಿಗೆ 'ಹಾಲು ಎಲ್ಲಿ' ಅಂತ ಬರೆಸಿದ್ದರು.

ಚೀಟಿಗೆ ನಂಬರು ಒತ್ತುವ ಕೆಲಸ ನನ್ನದಾಯಿತು, ಯಾಕೆಂದರೆ ಮುದ್ರೆ ನನ್ನ ಹತ್ತಿರ ಇತ್ತು. ಬಂದರಿನಲ್ಲಿ ಮೀನಿನ ತೊಟ್ಟಿಗಳ ಚೀಟಿಗೆ ಒತ್ತುತ್ತಿದ್ದ ಹಳೇ ಮುದ್ರೆ, ಅಂಕಿ ತಿರುಗಿಸಬಹುದಾದ್ದು.

"ಲೆನ್ ಮಾಮಾ, ಕೆಟಲ್ ಕಡೆ ನಲವತ್ತೈದು. ಹಾಲಿನ ಕಡೆ ಮೂವತ್ತಮೂರು. ಇಷ್ಟೇ," ಎಂದ ಡಂಕನ್.

"ನಾನೇನು ಚಿಕ್ಕ ಮಗುವೇನೋ? ಹೋಗು," ಎಂದೆ.

ಅಡಿಗೆಮನೆ ಮೇಜಿನ ಮೇಲೆ ಕೂತು ಮೊದಲ ಪೆಟ್ಟಿಗೆಯ ನೂರನ್ನೂ ಒಂದೊಂದಾಗಿ ದೀಪಕ್ಕೆ ಹಿಡಿದು, ಗೀರು ಓದಿ, ಒತ್ತಿದೆ. ಕಣ್ಣು ನೋಯಲು ಶುರುವಾಯಿತು. ಪೆಟ್ಟಿಗೆಯೊಳಗೆ ಎಲ್ಲವೂ ಒಂದೇ ಮಗ್ಗುಲಾಗಿ ಇರುವುದನ್ನು ಅಷ್ಟರಲ್ಲಿ ಗಮನಿಸಿದ್ದೆ. ಹಾಗಾದರೆ ಮೇಲಿನದೊಂದನ್ನು ಓದಿದರೆ ಸಾಕಲ್ಲ ಅನ್ನಿಸಿತು. ಎರಡನೇ ಪೆಟ್ಟಿಗೆಯ ಮೇಲಿನದನ್ನು ತೆಗೆದು, ಮಗುಚಿ, ಓದಿದೆ. ಕೆಟಲ್. ಮತ್ತೆ ಅದನ್ನು ಮೊದಲಿದ್ದ ಹಾಗೇ ಇಟ್ಟು, ಮಿಕ್ಕ ನಾನೂರಕ್ಕೂ ಮೇಲಿನ ಮಗ್ಗುಲಿಗೆ ನಲವತ್ತೈದು, ಕೆಳಗಿನದಕ್ಕೆ ಮೂವತ್ತಮೂರು ಒತ್ತಿಕೊಂಡು ಹೋದೆ. ನಾನು ಓದಿದ್ದು ಮಗುಚಿದ ಮೇಲೆ ಅನ್ನುವುದು ನೆನಪಿಗೇ ಬರಲಿಲ್ಲ. ಒಂದನ್ನು ಹಾಕಿ ಕೇಳಿದ್ದರೆ ತಿಳಿಯುತ್ತಿತ್ತು. ಆದರೆ ಮಾರುವ ಸಾಮಾನನ್ನು ಮನೆಯವರು ಮುಟ್ಟಿ ಹಳತು ಮಾಡಬಾರದು ಎಂದು ಬೆಳೆದವನು ನಾನು.

ಮೊದಲ ಪೆಟ್ಟಿಗೆಯ ನೂರು ರೆಕಾರ್ಡು ಊರಿನ ಅಂಗಡಿಗೆ ಹೋದವು. ಮಿಕ್ಕವುಗಳಲ್ಲಿ ಕೆಲವು ನನ್ನ ಮಂಚದ ಕೆಳಗೆ ಉಳಿದು, ಬಾಕಿಯವು ಊರಾಚೆಗೆ ಹೋದವು. ಅದರಲ್ಲೊಂದು ಲಂಡನ್ನಿನ ರೇಡಿಯೋಗೆ.

ಒಂದು ಗುರುವಾರ ಸಂಜೆ, ಎಲ್ಲರೂ ನಮ್ಮ ಮನೆಯಲ್ಲಿ ವಿನೆಗರ್ ಸುರಿದ ಆಲೂಗಡ್ಡೆ ಪ್ಯಾಟಿ, ಚಿಪ್ಸ್ ತಿನ್ನುತ್ತಿದ್ದೆವು. ರೇಡಿಯೋದಲ್ಲಿ ಬ್ಯಾಂಡಿನ ಹೆಸರು ಹೇಳಿದರು. ನನ್ನ ಹೆಂಡತಿ ಮೇವಿಸ್ ಬಾಯಿಗೆ ಹೋಗುತ್ತಿದ್ದ ಚಿಪ್ಸನ್ನು ಹಾಗೇ ಹಿಡಿದುಕೊಂಡಳು. ಹಾಡು ಶುರುವಾಯಿತು. ಶುರುವಾಯಿತೋ, ಕಾರ್ಖಾನೆಯೊಂದು ನಿಲ್ಲುತ್ತಿದೆಯೋ ತಿಳಿಯಲಿಲ್ಲ. ಡ್ರಮ್ಮು ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಯೋಚನೆ ಮಾಡುತ್ತಿತ್ತು. ಆಮೇಲೆ ಒಬ್ಬ ಗಂಡಸು ಹಾಡಿದ.

"ಯಾರೋ ಇದು?" ಎಂದ ನೀಲ್.

"ನಾನು," ಎಂದಳು ಲಿನೆಟ್. "ಇದು ನಾನೇ. ನಿಧಾನಕ್ಕೆ ತಿರುಗಿಸ್ತಿದಾನೆ, ದಡ್ಡ."

"ಶೀತ ಆಗಿರೋ ಪಾದ್ರಿ ಥರ ಇದೀಯಲ್ಲೇ," ಎಂದು ನೀಲ್ ನಕ್ಕ.

ಅವಳೂ ನಕ್ಕಳು. ನಾನು ನಗಲಿಲ್ಲ. ಫೋರ್ಕು ಕೆಳಗಿಟ್ಟು ರೇಡಿಯೋ ಹತ್ತಿರಕ್ಕೆ ಸರಿದೆ. ಆ ದನಿ ನನಗೆ ಗೊತ್ತಿತ್ತು. ಹಡಗಿನ ಮೇಲೆ ಯಾರೂ ಸಿಳ್ಳೆ ಹಾಕುವ ಹಾಗಿಲ್ಲ, ಗಾಳಿ ಕರೆದಂತಾಗುತ್ತದೆ. ಅದಕ್ಕೆ ರಾಯ್ ಮೀನು ಸೀಳುವಾಗ ಹಾಡುತ್ತಿದ್ದ. ಒಂದೇ ಹಡಗಿನಲ್ಲಿ ಎರಡು ಚಳಿಗಾಲ ಅವನ ಪಕ್ಕ ನಿಂತು ಕೇಳಿದವನು ನಾನು. ಸಾಲಿನ ಕೊನೆಯ ಮಾತನ್ನು ಬಿಡಲು ಮನಸ್ಸಿಲ್ಲದವನಂತೆ ಎಳೆಯುತ್ತಿದ್ದ. ರೇಡಿಯೋದ ಗಂಡಸೂ ಹಾಗೇ ಎಳೆದ.

ಹಾಡು ಮುಗಿಯಿತು. "ಯಾರಪ್ಪ ಈ ಮನುಷ್ಯ," ಎಂದ ರೇಡಿಯೋದವನು.

ಮುಂದಿನ ವಾರ ಮತ್ತೆರಡು ಸಲ ಹಾಕಿದರು, ಹಾಗೇ ನಿಧಾನವಾಗಿ. ಕಾಗದಗಳು ಬರತೊಡಗಿದವು. ಗ್ಲಾಸ್ಗೋದಿಂದ, ಬ್ರಿಸ್ಟಲ್‌ನಿಂದ. ಎಲ್ಲರಿಗೂ ಆ ಗಂಡಸು ಬೇಕು. ಊರಿನ ಅಂಗಡಿಯಲ್ಲಿ ಕೊಂಡವರು ಮಾತ್ರ, ಹೆಂಗಸು ಹಾಡಿದ್ದಾಳಲ್ಲ, ಎಲ್ಲಿಯ ಗಂಡಸು ಎಂದು ತಲೆ ಕೆರೆದುಕೊಂಡರು. ಎರಡು ರೆಕಾರ್ಡು ಇದೆಯಂತೆ ಎಂದು ಒಬ್ಬ, ಎರಡು ಬ್ಯಾಂಡು ಇದೆಯಂತೆ ಎಂದು ಇನ್ನೊಬ್ಬ. ಕೊನೆಗೆ ಲೀಡ್ಸ್‌ನಿಂದ ಕರೆ ಬಂತು. ಭಾನುವಾರ ಮಧ್ಯಾಹ್ನ, ಆರು ಬ್ಯಾಂಡುಗಳ ನಡುವೆ ಒಂದು. ಅಷ್ಟು ದೊಡ್ಡ ಜಾಗದಲ್ಲಿ ಅವರು ಅದುವರೆಗೆ ನುಡಿಸಿರಲಿಲ್ಲ.

ನಾನು ಅಷ್ಟರಲ್ಲಿ ಮಂಚದ ಕೆಳಗಿದ್ದ ಪೆಟ್ಟಿಗೆ ಎಳೆದು ನೋಡಿಯಾಗಿತ್ತು. ಹಾಲಿನ ಕಡೆ ನಲವತ್ತೈದು. ಕೆಟಲ್ ಕಡೆ ಮೂವತ್ತಮೂರು. ರೇಡಿಯೋದವನದು ಏನೂ ತಪ್ಪಿಲ್ಲ. ಚೀಟಿ ಹೇಳಿದಂತೆ ತಿರುಗಿಸಿದ್ದ. ಹೇಳಬೇಕು ಅಂದುಕೊಂಡೆ. ಹೇಳಿದರೆ ಸರಿಪಡಿಸುತ್ತಾರೆ. ಸರಿಪಡಿಸಿದರೆ ಆ ದನಿ ಹೋಗುತ್ತದೆ. ಹೀಗೆ ಎರಡು ವಾರ ಬಾಯಿ ಮುಚ್ಚಿಕೊಂಡಿದ್ದೆ. ಮೇವಿಸ್ ಕೆಲಸಕ್ಕೆ ಹೋದ ಮೇಲೆ ಹಾಕಿ ಹಾಕಿ ಕೇಳಿದೆ. ಕೆಲವು ಸಲ ರಾಯ್‌ನೇ ಅನ್ನಿಸುತ್ತಿತ್ತು. ಕೆಲವು ಸಲ ಬರೀ ನಿಧಾನವಾದ ಯಂತ್ರ.

ಡಂಕನ್ ಒಂದು ಶನಿವಾರ ಕ್ಲೈವ್ ಅನ್ನುವವನನ್ನು ಹೊಗೆಕೋಣೆಗೆ ಕರೆದುಕೊಂಡು ಬಂದ. ಆರಡಿ ಎತ್ತರ, ಪಬ್ಬಿನ ಬಿಂಗೋ ಆಟದಲ್ಲಿ ಅಂಕಿ ಕೂಗುವ ಕೆಲಸ, ಬಾವಿಯೊಳಗಿಂದ ಬಂದಂಥ ದನಿ.

"ಲೀಡ್ಸ್‌ಗೆ ಮಾತ್ರ ಇವನು ಹಾಡ್ಲಿ," ಎಂದ ಡಂಕನ್. "ಜನ ಅದನ್ನೇ ಕೇಳಕ್ಕೆ ಬರ್ತಾರೆ ಕಣೆ. ನೀನು ಬೇಸ್ ನುಡಿಸು. ಹಾಡು ನಿಂದೇ ಅಂತ ಎಲ್ರಿಗೂ ಗೊತ್ತಿರುತ್ತೆ."

"ಎಲ್ರಿಗೂ ಅಂದ್ರೆ ಯಾರಿಗೆ?"

"ನಮಗೆ."

"ನೀವಿಬ್ರು. ಎಲ್ರೂ ಅಂದ್ರೆ ನೀವಿಬ್ರು."

"ಇದು ನಮ್ಮ ಅದೃಷ್ಟ ಲಿನೆಟ್. ರೇಡಿಯೋದವನ ಕೈತಪ್ಪಿಂದ ಬಂದಿದೆ, ಬಿಡೋದಾ? ನಿನ್ನ ದನಿಲಿ ಹಾಡಿದಾಗ ಮೂರು ವರ್ಷ ಯಾರು ಕೇಳಿದ್ರು ಹೇಳು."

ಲಿನೆಟ್ ಬೇಸ್ ಕೊರಳಿನಿಂದ ತೆಗೆದು ಗೋಡೆಗೆ ಒರಗಿಸಿದಳು. ಕ್ಲೈವ್ ಪಾಪ, ಬಾಗಿಲಲ್ಲೇ ನಿಂತು, "ನಾನು ಆಮೇಲೆ ಬರ್ಲಾ?" ಎಂದ. ಅವಳು ಹೋಗಿಬಿಡುತ್ತಾಳೆ ಎಂದು ನನಗೆ ಗೊತ್ತಾಯಿತು. ಆ ಕೋಣೆಯಿಂದ ಮಾತ್ರವಲ್ಲ, ಹಾಡುವುದರಿಂದಲೇ.

"ಕೈತಪ್ಪು ರೇಡಿಯೋದವನದಲ್ಲ," ಎಂದೆ. "ನಂದು."

ಎಲ್ಲ ಹೇಳಿದೆ. ಮಗುಚಿದ್ದು, ನಾನೂರಕ್ಕೆ ಒತ್ತಿದ್ದು, ಎರಡು ವಾರದಿಂದ ಗೊತ್ತಿದ್ದೂ ಸುಮ್ಮನಿದ್ದದ್ದು.

"ಬಾಕಿದೆಲ್ಲ ಬಿಡಿ," ಎಂದ ಡಂಕನ್. "ನನ್ನ ವಾದ್ಯ ನಾನೂರು ಮನೇಲಿ ಸರ್ಕಸ್ ಥರ ಓಡ್ತಿದೆ, ಹೌದು ತಾನೆ?"

ನೀಲ್ ಮಾತ್ರ ನಗುತ್ತಾ ನೆಲದ ಮೇಲೆ ಕೂತುಬಿಟ್ಟ. ಲಿನೆಟ್ ನನ್ನನ್ನೇ ನೋಡುತ್ತಿದ್ದಳು.

"ಗೊತ್ತಾದ ಮೇಲೂ ಯಾಕೆ ಸುಮ್ನಿದ್ರಿ ದೊಡ್ಡಪ್ಪ?"

"ಅದು ನಿಮ್ಮಪ್ಪನ ದನಿ," ಎಂದೆ. "ನಂಗೆ ಹಾಗನ್ಸುತ್ತೆ."

ಕ್ಲೈವ್ ಮೆಲ್ಲಗೆ ಮೆಟ್ಟಿಲಿಳಿದು ಹೋದ.

ನಾವಿಬ್ಬರೂ ಅಲ್ಲಿಂದ ನೇರ ಬ್ರೆಂಡಾಳ ಮನೆಗೆ ಹೋದೆವು. ಲಿನೆಟ್ ಏನೂ ಹೇಳದೆ ರೆಕಾರ್ಡನ್ನು ಮೂವತ್ತಮೂರರಲ್ಲಿ ಹಾಕಿದಳು. ಬ್ರೆಂಡಾ ಇಸ್ತ್ರಿ ಮಾಡುತ್ತಾ ಕೇಳಿದಳು. ಒಂದು ತೋಳು, ಇನ್ನೊಂದು ತೋಳು, ಕಾಲರು. ಹಾಡು ಮುಗಿಯಿತು.

"ಯಾರಮ್ಮ ಇದು?" ಎಂದಳು ಲಿನೆಟ್.

"ಯಾರೋ. ತುಂಬ ಎಳೀತಾನೆ."

"ಅಪ್ಪ ಅನ್ಸುತ್ತಾ?"

ಬ್ರೆಂಡಾ ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದಳು. "ನಿಮ್ಮಪ್ಪ ಹಾಡ್ತಿರಲಿಲ್ಲ."

"ಹಡಗಿನ ಮೇಲೆ ಹಾಡ್ತಿದ್ದ," ಎಂದೆ.

"ಹಡಗಿನ ಮೇಲೆ ಏನೇನು ಮಾಡ್ತಿದ್ರೋ ನಂಗೇನು ಗೊತ್ತು ಲೆನ್. ಮೂರು ವಾರ ನಿಮ್ಮ ಹತ್ರ, ಮೂರು ದಿನ ನನ್ನ ಹತ್ರ. ಆ ಮೂರು ದಿನದಲ್ಲಿ ಅರ್ಧ ಪಬ್ಬಿಗೆ. ನನ್ನೆದುರು ಒಂದು ಸಲನೂ ಹಾಡಿಲ್ಲ." ಅಂಗಿಯ ಕಾಲರು ಎಳೆದು ಸರಿಮಾಡಿ, "ಹಾಡ್ತಿದ್ನಾ ನಿಜವಾಗ್ಲೂ?" ಎಂದು ಕೇಳಿದಳು.

"ಹೂಂ."

"ಏನು ಹಾಡ್ತಿದ್ದ?"

ಅದು ನನಗೆ ನೆನಪಿಗೆ ಬರಲಿಲ್ಲ. ದನಿ ಇತ್ತು, ಒಂದು ಮಾತೂ ಇರಲಿಲ್ಲ. ಹದಿನಾರು ವರ್ಷ ನಾನು ಹೊತ್ತುಕೊಂಡು ತಿರುಗಿದ್ದು ರಾಯ್‌ನ ದನಿಯೇ ಹೌದೋ, ಇಲ್ಲ ಆ ಗುರುವಾರ ರೇಡಿಯೋದಲ್ಲಿ ಕೇಳಿದ ಮೇಲೆ ಅದೇ ಹಳೇ ನೆನಪಿನ ಜಾಗದಲ್ಲಿ ಕೂತುಬಿಟ್ಟಿತೋ, ಆ ಇಸ್ತ್ರಿಮೇಜಿನ ಎದುರು ನಿಂತಿದ್ದಾಗ ನನಗೆ ಹೇಳಲಾಗಲಿಲ್ಲ. ಈಗಲೂ ಆಗುವುದಿಲ್ಲ.

ಬ್ರೆಂಡಾ ಮತ್ತೆ ಇಸ್ತ್ರಿ ಹಿಡಿದಳು. "ಇನ್ನೊಂದ್ಸಲ ಹಾಕು," ಎಂದಳು ಮಗಳಿಗೆ. ಎರಡನೇ ಸಲ ಹಾಡು ತಿರುಗುವಾಗ ಲಿನೆಟ್ ನಮ್ಮಿಬ್ಬರ ಮುಖವನ್ನೂ ಸರದಿಯ ಮೇಲೆ ನೋಡಿದಳು. ಎರಡರಲ್ಲೂ ಅವಳಿಗೆ ಬೇಕಾದ್ದು ಸಿಕ್ಕಲಿಲ್ಲ ಎಂದು ಕಾಣುತ್ತದೆ.

ಸೋಮವಾರ ಅವಳು ಹೊಗೆಕೋಣೆಗೆ ಬಂದು ಬೇಸ್ ಕೊರಳಿಗೆ ಹಾಕಿಕೊಂಡಳು. "ಕ್ಲೈವ್ ಬೇಡ. ಬೇರೆ ಗಂಡಸೂ ಬೇಡ. ನಿಧಾನಕ್ಕೆ ನುಡಿಸಿ, ರೇಡಿಯೋಲಿ ಬಂದಷ್ಟೇ ನಿಧಾನಕ್ಕೆ. ನಾನು ಹಾಡ್ತೀನಿ."

"ನಿನ್ನ ದನಿ ಅಷ್ಟು ಕೆಳಗೆ ಹೋಗಲ್ಲ," ಎಂದ ಡಂಕನ್.

"ಕೆಳಗೆ ಹೋಗ್ತೀನಿ ಅಂದೆನಾ? ನಿಧಾನಕ್ಕೆ ಅಂದೆ."

"ಅದು ಆ ಕಡೆಗೂ ಅಲ್ಲ, ಈ ಕಡೆಗೂ ಅಲ್ಲ. ಜನ ಎದ್ದು ಹೋಗ್ತಾರೆ."

"ಹೋದ್ರೆ ಹೋಗ್ಲಿ. ನಾನೇ ಹಾಡ್ತೀನಿ, ಇಲ್ದಿದ್ರೆ ಆ ಹಾಡೇ ಬೇಡ."

ನೀಲ್ ಡ್ರಮ್ಮಿನ ಕೋಲು ಎತ್ತಿಕೊಂಡ. ಡಂಕನ್ ಬಹಳ ಹೊತ್ತು ಗಿಟಾರಿನ ತಂತಿ ಬಿಗಿ ಮಾಡುತ್ತಲೇ ಇದ್ದ. ಕೊನೆಗೆ ನುಡಿಸಿದ.

ಲೀಡ್ಸ್‌ನಲ್ಲಿ ಮುನ್ನೂರು ಜನ ಸೇರಿದ್ದರು. ಅವಳು ಮೈಕಿನ ಹತ್ತಿರ ಬಂದಾಗ ಒಬ್ಬ, "ಎಲ್ಲಮ್ಮ ನಿಮ್ಮ ಗಾಯಕ?" ಎಂದು ಕೂಗಿದ. "ಸಿಗರೇಟ್ ತರಕ್ಕೆ ಹೋಗಿದಾನೆ," ಎಂದಳು. ಜನ ನಕ್ಕರು. ಅವಳು ಶುರುಮಾಡಿದಳು. ಆ ವೇಗಕ್ಕೆ ಉಸಿರು ಸಾಲುತ್ತಿರಲಿಲ್ಲ. ಎರಡನೇ ಚರಣದಲ್ಲಿ ಸಾಲಿನ ನಡುವೆಯೇ ನಿಂತು ಉಸಿರು ತೆಗೆದುಕೊಂಡು ಮತ್ತೆ ಹಿಡಿದಳು. ತೆಳ್ಳಗಿನ ಹೆಣ್ಣು ದನಿ, ಭಾರದ ಡ್ರಮ್ಮು, ನಡುವೆ ಬರೀ ಖಾಲಿ ಜಾಗ. ಹಿಂದಿನ ಸಾಲಿನವರು ಬಿಯರ್ ತರಲು ಹೊರಟರು. ಮುಂದಿನವರಲ್ಲಿ ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಅಳುತ್ತಿದ್ದಳು. ಅವಳ ಗೆಳೆಯ, "ಇದು ಅದೇ ಹಾಡಾ?" ಎಂದು ಕೇಳುತ್ತಲೇ ಇದ್ದ. ಅವಳು ಗೊತ್ತಿಲ್ಲ ಎಂದು ತಲೆಯಾಡಿಸುತ್ತಿದ್ದಳು. ನಾನು ರಾಯ್‌ನನ್ನು ಹುಡುಕುತ್ತಾ ಕೇಳಿದೆ. ಒಂದೆರಡು ಕಡೆ ಸಾಲಿನ ಕೊನೆಯ ಮಾತನ್ನು ಬಿಡದೆ ಎಳೆದಾಗ, ಇದ್ದನೇನೋ. ಇರಲಿಲ್ಲವೇನೋ.

ಹಾಡು ಮುಗಿದಾಗ ಚಪ್ಪಾಳೆ ಬಂತು. ಎಲ್ಲರದೂ ಅಲ್ಲ.

ವ್ಯಾನಿಗೆ ಸಾಮಾನು ತುಂಬುವಾಗ ಇನ್ನೂ ಬಿಸಿಲಿತ್ತು. ಡಂಕನ್ ಒಬ್ಬನೇ ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದ. ಅವನು ಕ್ರಿಸ್‌ಮಸ್ಸಿಗೆ ಮೊದಲೇ ಬ್ಯಾಂಡು ಬಿಟ್ಟ, ಅವನ ಜಾಗಕ್ಕೆ ಇನ್ನೊಬ್ಬಳು ಬಂದಳು, ರೇಡಿಯೋದವರು ಮತ್ತೆ ಕರೆಯಲಿಲ್ಲ. ಆದರೂ ಅವರು ಇನ್ನೂ ಮೂರು ವರ್ಷ ನುಡಿಸಿದರು, ಅಷ್ಟೂ ವರ್ಷ ಹಾಡಿದ್ದು ಲಿನೆಟ್‌ಳೇ. ಅದೆಲ್ಲ ಆಮೇಲಿನ ಮಾತು. ಅವತ್ತು ಅವಳು ಬೇಸ್ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು ಕೇಳಿದಳು.

"ಹೇಗಿತ್ತು ದೊಡ್ಡಪ್ಪ?"

"ಗೊತ್ತಾಗ್ಲಿಲ್ಲ ಕಣೆ."

"ನಂಗೂ," ಎಂದಳು. ಅವಳ ದನಿ ಪೂರ್ತಿ ಒಡೆದುಹೋಗಿತ್ತು. ನೀಲ್ ಪಕ್ಕಕ್ಕೆ ಸರಿದು ಜಾಗ ಮಾಡಿದ. ಅವಳು ಮುಂದಿನ ಸೀಟಿಗೆ ಹತ್ತಿ, ಕಿಟಕಿ ಇಳಿಸಿ, ಮುಂದಿನ ಶುಕ್ರವಾರ ಶೆಫೀಲ್ಡಿಗೆ ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಕೇಳಿದಳು.